ಕೆಂಪು ಜಾಕೆಟ್ಟಿನವಳು

ಆಸ್ಟ್ರೇಲಿಯಾದಲ್ಲಿ ಹಿಮ ಬೀಳುತ್ತದೆ ಎಂದರೆ ಮೈಸೂರಿನ ನನ್ನ ಗೆಳತಿಯರು ಇವತ್ತಿಗೂ ನಂಬುವುದಿಲ್ಲ. ಕಾಂಗರೂ, ಕಡಲತೀರ, ಕ್ರಿಕೆಟ್ಟು, ಅಷ್ಟಕ್ಕೆ ಅವರ ಆಸ್ಟ್ರೇಲಿಯಾ ಮುಗಿಯಿತು. ಮೆಲ್ಬರ್ನ್‌ನಿಂದ ಬೆಳಗ್ಗೆ ಉಪ್ಪಿಟ್ಟು ತಿಂದು ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಮೊಣಕಾಲುದ್ದ ಹಿಮದಲ್ಲಿ ನಿಂತಿರಬಹುದು ಎಂದು ನಾನು ಹೇಳಿದರೆ, ಇವಳು ರೀಲು ಬಿಡುತ್ತಾಳೆ ಎಂದು ನಗುತ್ತಾರೆ. ನಗಲಿ. ನನಗೆ ಮಾತ್ರ ಜೂನ್ ಬಂತೆಂದರೆ, ಇಲ್ಲಿನ ಚಳಿಗಾಲ ಶುರುವಾಯಿತೆಂದರೆ, ಕಾಲು ನೆಲದ ಮೇಲೆ ನಿಲ್ಲುವುದಿಲ್ಲ.

ಈ ಹುಚ್ಚು ಹಿಡಿಸಿದವರು ನನ್ನ ಗಂಡ. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಅವರ ಆಫೀಸು. ಚಳಿಗಾಲದ ಪ್ರತಿ ಸೋಮವಾರ ಅಲ್ಲಿ ಎಲ್ಲರೂ ಬೆಟ್ಟದ ಮಾತೇ ಆಡುತ್ತಿದ್ದರಂತೆ, ಇವರು ಬಾಯಿ ಮುಚ್ಚಿಕೊಂಡು ಕಾಫಿ ಕುಡಿಯುತ್ತಿದ್ದರಂತೆ. ಒಂದು ದಿನ ರೋಸಿಹೋಗಿ, ನನ್ನನ್ನು ಒಂದು ಮಾತೂ ಕೇಳದೆ ಇಬ್ಬರಿಗೂ ಸ್ಕೀ ಪಾಠ ಬುಕ್ ಮಾಡಿಬಿಟ್ಟರು. ಬಾಕ್ಸ್ ಹಿಲ್‌ನ ಆಸ್ಪತ್ರೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರುವ ನನಗೆ, ಐವತ್ತು ದಾಟಿದ ಮೇಲೆ, ಕಾಲಿಗೆ ಎರಡು ಹಲಗೆ ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರುವ ಯೋಗ ಬಂತು. ಐದು ವರ್ಷದ ಮಕ್ಕಳ ಜೊತೆ ನಮಗೂ ಪಾಠ. ನಿಲ್ಲಬೇಕಾದರೆ ಸ್ಕೀಗಳ ಮುಂದಿನ ತುದಿ ಕೂಡಿಸಿ ಹಿಂದಿನದನ್ನು ಅಗಲಿಸಬೇಕು. ಅದಕ್ಕೆ ಮಕ್ಕಳಿಗೆ "ಪಿಜ್ಜಾ! ಪಿಜ್ಜಾ!" ಎಂದು ಕೂಗಿ ಹೇಳಿಕೊಡುತ್ತಾರೆ. ಮಕ್ಕಳೆಲ್ಲ ನಿಂತರು, ನಾನು ಬೇಲಿಗೆ ಹೋಗಿ ಬಡಿದೆ. ಆಗ ಇವರು ಹಿಂದಿನಿಂದ "ಮಸಾಲೆ ದೋಸೆ ಕಣೇ, ತ್ರಿಕೋನ ಮಡಚು" ಎಂದು ಕೂಗಿದರು. ತಕ್ಷಣ ಅರ್ಥವಾಯಿತು, ಕಾಲೂ ಮಾತು ಕೇಳಿತು.

ಅಲ್ಲಿಂದ ಪ್ರತಿ ಚಳಿಗಾಲವೂ ಇಬ್ಬರೂ ಹೋದೆವು. ಸಿಡ್ನಿಯಲ್ಲಿರುವ ನನ್ನ ತಂಗಿ "ನಮ್ಮ ಕಡೆ ಬೆಟ್ಟ ನಿಮ್ಮದಕ್ಕಿಂತ ದೊಡ್ಡದು" ಎಂದು ಫೋನಿನಲ್ಲಿ ಕಾಲು ಕೆರೆಯುತ್ತಿದ್ದಳು. ಒಂದು ಸಲವೂ ಅದನ್ನು ಹತ್ತಿದವಳಲ್ಲ. ಹೀಗೆ ನಡೆಯುತ್ತಿರುವಾಗ ಹೋದ ವರ್ಷ ಇವರು ಬಿದ್ದು ಮೊಣಕಾಲು ತಿರುಚಿಕೊಂಡರು. ಇನ್ನು ಸ್ಕೀ ಬೇಡ ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ಈ ವರ್ಷ ನನಗೋಸ್ಕರ ಬರೀ ಜೊತೆಗೆ ಬಂದರು. ಬರುವಾಗ ಕಾರಿನಲ್ಲಿ ಮಾತು ತೆಗೆದರು.

"ಇದೇ ಕೊನೆ ಆಗ್ಲಿ. ಈ ವಯಸ್ಸಲ್ಲಿ ನೀನೂ ಏನಾದ್ರೂ ಮುರ್ಕೊಂಡ್ರೆ ನೋಡ್ಕೊಳ್ಳೋರು ಯಾರು? ಸ್ಕೀ, ಬೂಟು ಎಲ್ಲಾ ಯಾರಿಗಾದ್ರೂ ಕೊಟ್ಬಿಡೋಣ. ಗರಾಜಾದ್ರೂ ಖಾಲಿ ಆಗತ್ತೆ."

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಈ ಬೆಟ್ಟದ ಮೇಲೆ ನಾನು ಯಾರ ರಿಪೋರ್ಟಿಗೂ ಸಹಿ ಹಾಕಬೇಕಿಲ್ಲ, ಯಾರ ಊಟಕ್ಕೂ ಅನ್ನ ಇಡಬೇಕಿಲ್ಲ. ಇಲ್ಲಿ ನಾನು ಕಿರುಚಬಹುದು. ಅದನ್ನು ಗರಾಜಿನ ಕಸದ ಜೊತೆ ಎತ್ತಿ ಹಾಕುವುದೇ?

"ತುದಿಯಿಂದ ಕೆಳಗಿನ ತನಕ ಒಬ್ಳೇ ಇಳಿದು ಬಂದ್ರೆ? ಮಧ್ಯದಲ್ಲಿ ಎಲ್ಲೂ ಸ್ಕೀ ಬಿಚ್ಚದೆ?" ಎಂದೆ.

ಅವರು ನಕ್ಕರು. ಬೆಟ್ಟದ ತುದಿಯವರೆಗೆ ಒಯ್ಯುವ ಕುರ್ಚಿ ಲಿಫ್ಟನ್ನು ನಾವಿಬ್ಬರೂ ಅಲ್ಲಿಯವರೆಗೆ ಬರೀ ಕೆಳಗೆ ನಿಂತು ನೋಡಿದವರು. "ಬಂದ್ರೆ ಮುಂದಿನ ವರ್ಷಾನೂ ಬರೋಣ. ಬಿಚ್ಚಿದ್ರೆ ಮಾತಿಲ್ಲ, ಗರಾಜ್ ಖಾಲಿ."

"ಆಯ್ತು" ಎಂದೆ.

ಮರುದಿನ ಆಕಾಶ ತಿಳಿಯಾಗಿತ್ತು. ಹಿಂದಿನ ಸಂಜೆ ಬಿದ್ದ ಹೊಸ ಹಿಮದಿಂದ ಮರಗಳ ಕೊಂಬೆಗಳೆಲ್ಲ ಬಾಗಿದ್ದವು. ಇವರು ಕೆಫೆಯ ಮರದ ಜಗಲಿಯಲ್ಲಿ ಬಿಸಿ ಚಾಕೊಲೇಟ್ ಹಿಡಿದು ಕೂತರು. ಅಲ್ಲಿಂದ ಇಳಿಜಾರಿನ ಕೆಳಗಿನ ಅರ್ಧ ಪೂರ್ತಿ ಕಾಣುತ್ತದೆ. "ನಾನು ವಿಡಿಯೋ ಮಾಡ್ತೀನಿ, ಸಾಕ್ಷಿಗೆ" ಎಂದು ಫೋನ್ ಆಡಿಸಿ ತೋರಿಸಿದರು. ನಾನು ನನ್ನ ಕೆಂಪು ಜಾಕೆಟ್ಟಿನ ಜಿಪ್ ಗಂಟಲವರೆಗೆ ಎಳೆದುಕೊಂಡು ಲಿಫ್ಟಿನ ಸಾಲಿಗೆ ಹೋದೆ.

ಕುರ್ಚಿಗಳು ಕಬ್ಬಿಣದ ಹಗ್ಗಕ್ಕೆ ನೇತುಬಿದ್ದು ಸುತ್ತಿ ಬರುತ್ತಿದ್ದವು. ನನ್ನ ಸರದಿ ಬಂತು. ಅಲ್ಲಿ ನಿಂತಿದ್ದ ಲಿಫ್ಟಿನವನು ನನ್ನ ಕಡೆ ನೋಡಿ "ಸಿಂಗಲ್?" ಎಂದ.

ನನಗೆ ಮೈ ಉರಿಯಿತು. ನಮ್ಮ ಗಣೇಶ ಹಬ್ಬದ ಊಟದಲ್ಲಿ ಆಂಟಿಯರು ಇಲ್ಲೇ ಕಾಯಂ ಇರಲು ಪಿಆರ್ ಸಿಕ್ಕ ಹುಡುಗರನ್ನು ಮೂಲೆಗೆ ಕರೆದು ಕೇಳುವ ಮಾತಲ್ಲವೇ ಅದು? ಈ ವಯಸ್ಸಿನಲ್ಲಿ, ಸಾರ್ವಜನಿಕವಾಗಿ, ನನ್ನನ್ನು! ಹೆಲ್ಮೆಟ್ ಹಾಕಿಕೊಂಡರೆ ನಮ್ಮ ಧ್ವನಿ ಎಷ್ಟು ದೊಡ್ಡದು ಎಂದು ನಮಗೇ ತಿಳಿಯುವುದಿಲ್ಲ. "ನೋ! ಮ್ಯಾರೀಡ್!" ಎಂದು ಕೂಗಿದೆ. ಅಷ್ಟಕ್ಕೆ ಸುಮ್ಮನಿರದೆ ಜಗಲಿಯ ಕಡೆ ಕೈತೋರಿಸಿ "ಮೈ ಹಸ್ಬೆಂಡ್!" ಎಂದೆ. ಇವರು ನಾನು ಟಾಟಾ ಮಾಡುತ್ತಿದ್ದೇನೆಂದು ತಿಳಿದು ಎರಡೂ ಕೈ ಎತ್ತಿ ಬೀಸಿದರು. ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನು ಪಾಪ, ಹಿಂದಿನವರನ್ನು ಮುಂದೆ ಬಿಟ್ಟ. ಕುರ್ಚಿಯ ಹಿಂದೆ ಕುರ್ಚಿ ಹೋಯಿತು. ನಾನು ಮುಖ ಊದಿಸಿಕೊಂಡು ಪಕ್ಕದಲ್ಲೇ ನಿಂತಿದ್ದೆ.

ಆಗ ಒಬ್ಬ ಅಜ್ಜಿ ಬಂದು ಪಕ್ಕದಲ್ಲಿ ನಿಂತರು. ಎಪ್ಪತ್ತಂತೂ ದಾಟಿದೆ. ಅವರದೂ ಕೆಂಪು ಜಾಕೆಟ್. "ನಿನ್ನ ಮದುವೆಯ ಸಮಾಚಾರ ಅವನಿಗೆ ಬೇಡಮ್ಮ" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. "ಕುರ್ಚಿಗೆ ಒಬ್ಬಳೇ ಬಂದಿದ್ದೀಯಾ ಅಂತ ಕೇಳ್ತಿದ್ದಾನೆ. ಒಬ್ಬೊಬ್ಬರೇ ಬಂದವರನ್ನ ಜೋಡಿ ಮಾಡಿ ಕೂರಿಸ್ತಾನೆ. ನಾನೂ ಸಿಂಗಲ್ಲೇ. ಗಂಡ ಮನೇಲಿ ನಿದ್ದೆ ಮಾಡ್ತಿದ್ದಾನೆ."

ನಾಚಿಕೆಯಿಂದ ಹಿಮದೊಳಗೆ ಹೂತುಹೋಗೋಣ ಎನ್ನಿಸಿತು. ಅಷ್ಟು ವರ್ಷ ಬಂದರೂ ನನಗೆ ಆ ಪ್ರಶ್ನೆ ಯಾರೂ ಹಾಕಿರಲಿಲ್ಲ. ಯಾವ ಕುರ್ಚಿಯಲ್ಲಿ ಕೂತರೂ ಪಕ್ಕದಲ್ಲಿ ಇವರಿದ್ದರು. ನಾನು ಕೈ ಎತ್ತಿ "ಸಿಂಗಲ್" ಎಂದೆ. ಲಿಫ್ಟಿನವನು ತಲೆಬಾಗಿ ದಾರಿ ಬಿಟ್ಟ.

ಕುರ್ಚಿ ಎತ್ತಿಕೊಂಡಿತು. ಕಾಲ ಕೆಳಗೆ ನೆಲವಿಲ್ಲ! ಮರದ ತುದಿಗಳು ಬೂಟಿನ ಕೆಳಗೆ ಹಾದುಹೋದವು. ಮೂಗು ಸೋರುತ್ತಿತ್ತು, ಕಣ್ಣು ಸೋರುತ್ತಿತ್ತು. ನಾನು ಕಾರಣವಿಲ್ಲದೆ ಗಟ್ಟಿಯಾಗಿ ನಗುತ್ತಿದ್ದೆ. ತುದಿಗೆ ಹೋಗಿ ನಿಂತರೆ ಸುತ್ತಲೂ ಬೆಟ್ಟದ ಹಿಂದೆ ಬೆಟ್ಟ, ಎಲ್ಲಾ ಬಿಳಿ, ಆಚೆಗೆ ನೀಲಿ. ಇದನ್ನು ನೋಡದೆ ಸಾಯುವವಳಿದ್ದೆನಲ್ಲ ಎಂದು ನನ್ನ ಮೇಲೇ ಕೋಪ ಬಂತು.

"ಹೋಗಬಾರದ ಕಡೆ ನೋಡಬೇಡ, ಕಾಲೂ ಅಲ್ಲಿಗೇ ಹೋಗುತ್ತೆ" ಎಂದಷ್ಟೇ ಹೇಳಿ ಅಜ್ಜಿ ಬೆಟ್ಟದ ಆಚೆ ಬದಿಯ ದಾರಿ ಹಿಡಿದು ಹೊರಟೇಬಿಟ್ಟರು. ಅಡುಗೆಮನೆಯಿಂದ ನಡುಮನೆಗೆ ಹೋಗುವಷ್ಟು ಸಲೀಸು. ನಾನು ಮಸಾಲೆ ದೋಸೆ ಮಡಚಿಕೊಂಡು, ಆ ಅಂಚಿನಿಂದ ಈ ಅಂಚಿಗೆ, ಈ ಅಂಚಿನಿಂದ ಆ ಅಂಚಿಗೆ ಇಳಿದೆ. ಬಿದ್ದೆ. ಎದ್ದೆ. ಪುಟ್ಟ ಮಕ್ಕಳು ನನ್ನನ್ನು ದಾಟಿ ಹೋದರು. ಮತ್ತೆ ಬಿದ್ದೆ. ಆದರೂ ಎರಡು ಬೀಳುವುದರ ನಡುವೆ ಗಾಳಿ ಕಿವಿಯಲ್ಲಿ ಹಾಡುವ ಒಂದು ಗಳಿಗೆ ಸಿಗುತ್ತಿತ್ತು. ಅದಕ್ಕಾಗಿ ಎಷ್ಟು ಸಲ ಬೇಕಾದರೂ ಬೀಳಬಹುದಿತ್ತು.

ಅರ್ಧ ದಾರಿಯಲ್ಲಿ ಕಡಿದಾದ ಜಾಗ ಬಂತು. ಅಲ್ಲಿ ಬಿದ್ದವಳಿಗೆ ಏಳಲು ಧೈರ್ಯ ಬರಲಿಲ್ಲ. ಕೆಳಗೆ ನೋಡಿದರೆ ಕೆಫೆಯ ಜಗಲಿ ಬೆಂಕಿಪೊಟ್ಟಣದಷ್ಟು. ಸ್ಕೀ ಬಿಚ್ಚಿ ಹೆಗಲ ಮೇಲೆ ಹೊತ್ತು ನಡೆದುಬಿಟ್ಟರೆ ಇಳಿದುಬಿಡಬಹುದು. ಕೈ ಹಿಮ್ಮಡಿಯ ಕ್ಲಿಪ್ಪಿನವರೆಗೆ ಹೋಯಿತು. ಅಷ್ಟರಲ್ಲಿ ಅದೇ ಅಜ್ಜಿ ಇನ್ನೊಂದು ಸುತ್ತು ಹತ್ತಿ ಬಂದವರು ಪಕ್ಕದಲ್ಲೇ ಸುಯ್ಯೆಂದು ಹಾದು, ಕೋಲೆತ್ತಿ ತೋರಿಸಿ, ಕೆಳಗೆ ಹಾರಿಹೋದರು. ನನಗೆ ಹೊಟ್ಟೆಕಿಚ್ಚು ಬಂತು. ನಿಜ ಹೇಳುತ್ತೇನೆ, ಭಯ ಬಿಡಿಸಿದ್ದು ಆ ಹೊಟ್ಟೆಕಿಚ್ಚೇ. ಕ್ಲಿಪ್ಪಿನಿಂದ ಕೈ ತೆಗೆದೆ. ಸ್ಕೀಗಳನ್ನು ಅಡ್ಡಲಾಗಿ ಇಟ್ಟು, ಏಡಿಯ ಹಾಗೆ ಪಕ್ಕಪಕ್ಕಕ್ಕೆ ಒಂದೊಂದೇ ಹೆಜ್ಜೆ ಜಾರಿಸಿ ಇಳಿದೆ. ಕಡಿದಾದ ಜಾಗ ಮುಗಿದು ಕೊನೆಯ ಅಗಲವಾದ ಇಳಿಜಾರು ಬಂದಾಗ ದೋಸೆಯನ್ನೂ ಬಿಚ್ಚಿಬಿಟ್ಟೆ. ನೇರ ಬಿಟ್ಟೆ! "ಅಯ್ಯಯ್ಯಯ್ಯೋ" ಎಂದು ಕಿರುಚುತ್ತಾ, ಕಿರುಚುತ್ತಾ, ಕೆಳಗೆ ಬಂದು ನಿಂತೆ. ನಿಂತೆ, ಬೀಳಲಿಲ್ಲ.

ಸುತ್ತ ನೋಡಿದರೆ ಇವರೇ ಇಲ್ಲ. ಜಗಲಿ ಖಾಲಿ. ಅಷ್ಟರಲ್ಲಿ ಕೆಫೆಯ ಬಾಗಿಲು ತೆಗೆದು ಕುಂಟುತ್ತಾ ಓಡಿಬಂದರು. ಕಣ್ಣು ತೇವವಾಗಿತ್ತು.

"ಎಲ್ಲಿಗೆ ಹೋಗಿದ್ದೆ? ಆವಾಗ್ಲೇ ಇಳಿದು ಬಂದ್ಯಲ್ಲಾ! ಒಳಗೆಲ್ಲಾ ಹುಡುಕ್ದೆ. ಏನ್ ಬಂದೆ ಕಣೇ! ಸೋತೆ ನಾನು, ಒಪ್ಕೊಂಡೆ. ಇಷ್ಟು ವರ್ಷ ನಿನ್ನ ಸರಿಯಾಗಿ ನೋಡೇ ಇರ್ಲಿಲ್ಲ ಅನ್ನಿಸ್ಬಿಡ್ತು."

ಫೋನ್ ಕೈಗೆ ಕೊಟ್ಟರು. ವಿಡಿಯೋ ಆಗಲೇ ಮನೆಯವರ ಗ್ರೂಪಿಗೆ ಹೋಗಿತ್ತು. ತಂಗಿ ಸಿಡ್ನಿಯಿಂದ "ಅಕ್ಕಾ, ನಮ್ ಬೆಟ್ಟಕ್ಕೂ ಬಾ, ಒಪ್ಕೊಂಡೆ!" ಎಂದು ಬರೆದಿದ್ದಳು. ತೆರೆದು ನೋಡಿದೆ. ಕೆಂಪು ಜಾಕೆಟ್, ಹೆಲ್ಮೆಟ್, ಕನ್ನಡಕ. ಇಳಿಜಾರಿನ ಉದ್ದಕ್ಕೂ ನೀರು ಹರಿದ ಹಾಗೆ ಬಂದವರು ಆ ಅಜ್ಜಿ.

ಸುಮ್ಮನಿದ್ದರೆ ಮುಂದಿನ ವರ್ಷ ನನ್ನದಾಗಿತ್ತು. ಆದರೆ ಇವರು ಅಷ್ಟು ಹೆಮ್ಮೆಯಿಂದ ನೋಡುತ್ತಿದ್ದದ್ದು ನನ್ನನ್ನಲ್ಲ. ಅದನ್ನು ಸಹಿಸುವುದು ನನ್ನಿಂದ ಆಗಲಿಲ್ಲ.

"ರೀ, ಇದು ನಾನಲ್ಲ" ಎಂದೆ.

ನಂಬಲಿಲ್ಲ. ಅಜ್ಜಿಯ ಕಥೆ ಹೇಳಿದೆ. ಅವರ ಮುಖ ಬಾಡಿತು. ಫೋನ್ ತಿರುಗಿ ಇಸಿದುಕೊಂಡು, ಕನ್ನಡಕ ಹಣೆಗೇರಿಸಿ, ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ ಮೇಲಿನ ಮೂಲೆಗೆ ಎಳೆದರು. ಅಲ್ಲಿ, ಕಡಿದಾದ ಜಾಗದಲ್ಲಿ, ಇನ್ನೊಂದು ಕೆಂಪು ಚುಕ್ಕೆ. ಕೂತಿದೆ. ಅಲುಗಾಡುವುದಿಲ್ಲ. ಆಮೇಲೆ ಏಳುತ್ತದೆ, ನಿಂತು ಹಿಂದೆ ಮುಂದೆಲ್ಲ ಕೊಡವಿಕೊಳ್ಳುತ್ತದೆ.

"ಇದು ನೀನು" ಎಂದರು. "ಸೀರೆ ನೆರಿಗೆ ಸರಿಮಾಡ್ಕೊಳ್ಳೋ ಹಾಗೆ ಕೊಡವ್ಕೊತಾಳೆ ನೋಡು. ನೀನೇ."

ವಿಡಿಯೋ ಅಲ್ಲಿಗೆ ನಿಂತಿತ್ತು.

"ಆಮೇಲೆ?"

"ಆಮೇಲೆ ಬಂದೆ."

"ಬಿಚ್ಚಿದ್ಯಾ?"

"ಇಲ್ಲ."

ಸರಿ ಎಂದು ತಲೆಯಾಡಿಸಿದರು. ಗ್ರೂಪಿನಲ್ಲಿ ಬೆರಳಿಟ್ಟು ನಿಧಾನವಾಗಿ ಬರೆದರು: "ತಪ್ಪಾಯ್ತು. ಇಳಿದು ಬರ್ತಿರೋದು ಬೇರೆ ಯಾರೋ. ನಮ್ಮವಳು ಮೇಲೆ ಮೂಲೇಲಿ ಬಿದ್ದಿರೋಳು." ಮತ್ತೆ ಆ ಚುಕ್ಕೆಯನ್ನೇ ಮೊದಲಿಂದ ಹಾಕಿ ನೋಡಿದರು. ವಿಡಿಯೋದಲ್ಲಿ ಹರಿದು ಬರುವ ಅಜ್ಜಿಯ ಕಡೆ ಈ ಸಲ ಕಣ್ಣು ಹಾಯಿಸಲೇ ಇಲ್ಲ.

"ಮುಂದಿನ ವರ್ಷ ನಾನು ಇಲ್ಲಿ ಕೂರಲ್ಲ" ಎಂದರು. "ಕೋಲು ಹಿಡ್ಕೊಂಡು ಆ ಕಡಿದಾದ ಜಾಗದ ತನಕ ನಡ್ಕೊಂಡೇ ಬರ್ತೀನಿ. ಇಲ್ಲಿಂದ ನೀನು ಸರಿಯಾಗಿ ಕಾಣಲ್ಲ."