ಮೂರು ಸಲ ಹೇಳಿದ ಮಾತು: ಯಮುನಾಬಾಯಿ ಗಲಗಲಿಯವರ ಒಂದು ಸೋಲು

ದಕ್ಷಿಣ ಗೋವೆಯ ಕೋರ್ಟುಗಳಲ್ಲಿ ಇಪ್ಪತ್ತೇಳು ವರ್ಷ ಸರ್ಕಾರಿ ವಕೀಲರಾಗಿ ದುಡಿದು, ಈ ೧೯೯೭ರಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ಯಮುನಾಬಾಯಿ ಗಲಗಲಿಯವರು ಮಕ್ಕಳ ಮೇಲಿನ ದೌರ್ಜನ್ಯದ ಮೊಕದ್ದಮೆಗಳನ್ನು ನಡೆಸುವುದರಲ್ಲಿ ಈ ಭಾಗಕ್ಕೆಲ್ಲ ಹಿರಿಯರು. ಅವರ ವಾಗ್ವೈಖರಿ, ಸರಳ ಜೀವನ, ಮಡಗಾಂವಿನ ಕನ್ನಡ ಬಳಗಕ್ಕೆ ಅವರು ಸಲ್ಲಿಸಿದ ಸೇವೆ ಇವುಗಳ ಕುರಿತು ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ಬಲ್ಲಂತೆ ಬರೆದಿದ್ದಾರೆ. ಅವರು ಗೆದ್ದ ಮೊಕದ್ದಮೆಗಳ ವಿವರ ಕೊಡಬೇಕೆಂದು ಸಂಪಾದಕ ಮಂಡಲಿ ಕೇಳಿಕೊಂಡಾಗ ಯಮುನಾಬಾಯಿಯವರು, "ಗೆದ್ದದ್ದನ್ನೇನ ಬರೀತೀರಿ, ಸೋತದ್ದೊಂದ ಅದ, ಅದನ್ನ ಬರೀರಿ. ಇಲ್ಲಾಂದ್ರ ಆ ಶಾಲು ನೀವ ಹೊದ್ಕೊಂಡು ಮನಿಗೆ ಹೋಗ್ರಿ" ಎಂದರು. ಹೀಗಾಗಿ ಈ ಲೇಖನ ಒಂದು ಸೋಲಿನ ಕುರಿತಾದದ್ದು. ಸಮಾರಂಭದ ಸಂಭ್ರಮಕ್ಕೆ ಇದು ಒಗ್ಗದಿದ್ದರೆ ಓದುಗರು ಪುಟ ತಿರುವಿ ಮುಂದಿನ ಲೇಖನಕ್ಕೆ ಹೋಗಬಹುದು.

ಧಾರವಾಡದ ಶಾಲಾ ಮಾಸ್ತರರ ಮಗಳು, ಅಲ್ಲಿಯೇ ಕಾನೂನು ಓದಿದವರು. ವಾಸ್ಕೋದ ಬಂದರು ಕಚೇರಿಯಲ್ಲಿ ನೌಕರಿಯಲ್ಲಿದ್ದ ಬಿಂದುಮಾಧವರಾಯರ ಕೈಹಿಡಿದು ಗೋವೆಗೆ ಬಂದರು. ೧೯೭೦ರಲ್ಲಿ ಸರ್ಕಾರಿ ವಕೀಲಿಗೆ ಸೇರಿದಾಗ ಅವರ ಪಾಲಿಗೆ ಬಂದದ್ದು ಬಾಯ್ನಾದ ಹೊಡೆದಾಟಗಳು, ಅಂಗಡಿ ಕಳವುಗಳು, ಮುಂದೆ ಮಡ್ಕಯಿಯ ಕಾರ್ಖಾನೆಗಳ ಜಗಳಗಳು. ಮಕ್ಕಳ ಮೊಕದ್ದಮೆಗಳನ್ನು ಅವರು ಆರಿಸಿಕೊಂಡದ್ದಲ್ಲ. ಗಂಡಸು ವಕೀಲರಿಗೆ ಅಂಥ ಕಡತ ಕಂಡರೆ ಮುಜುಗರ, "ನೀವು ಹೆಣ್ಣುಮಕ್ಕಳು, ನೀವೇ ನೋಡಿಕೊಳ್ಳಿ" ಎಂದು ಒಬ್ಬೊಬ್ಬರಾಗಿ ದಾಟಿಸಿಬಿಟ್ಟರು. ಆ ಸೌಜನ್ಯಕ್ಕೆ ಯಮುನಾಬಾಯಿಯವರು ಕೊನೆಯವರೆಗೂ ಕೃತಜ್ಞತೆ ಹೇಳಲಿಲ್ಲ.

ಅವರ ಕೆಲಸದ ರೀತಿಯೇ ಬೇರೆ. ಮಗುವನ್ನು ಮಾತಾಡಿಸುವ ಮೊದಲು ಕರಿಕೋಟು ಬಿಚ್ಚಿ ಕುರ್ಚಿಗೆ ಹಾಕುವರು, ಚಾಪೆ ಹಾಸಿ ನೆಲದ ಮೇಲೆ ಕೂಡುವರು, ಚುರುಮುರಿಯ ಡಬ್ಬಿ ಮುಚ್ಚಳ ತೆಗೆದು ನಡುವೆ ಇಡುವರು. ನಡೆದ ಸಂಗತಿಯ ಕುರಿತು ಮೊದಲ ದಿನ ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ವಿಚಾರಣೆಯ ಹಿಂದಿನ ಸಂಜೆ ಖಾಲಿ ಕೋರ್ಟಿಗೆ ಕರೆದುಕೊಂಡು ಹೋಗಿ, ನ್ಯಾಯಾಧೀಶರು ಕೂಡುವುದೆಲ್ಲಿ, ನೀನು ನಿಲ್ಲುವುದೆಲ್ಲಿ, ನೀರು ಬೇಕಾದರೆ ಯಾರನ್ನು ಕೇಳಬೇಕು ಎಂದು ತೋರಿಸುವರು. ಕಟಕಟೆಯಲ್ಲಿ ಮಗುವಿನ ತಲೆಯೇ ಕಾಣದೆ ಹೋದಾಗ ಮನೆಯಿಂದ ಮಣೆ ತರಿಸಿ ಹಾಕಿದ್ದೂ ಉಂಟು. ಆ ಮಣೆ ಈಗಲೂ ಕೋರ್ಟಿನಲ್ಲೇ ಇದೆ.

ಈ ವೃತ್ತಿಯ ಹೊರಗಿನವರಿಗೆ ಒಂದು ಸಂಗತಿಯನ್ನು ವಿವರಿಸಬೇಕು. ಮಗುವಿನ ಸಾಕ್ಷ್ಯವೊಂದರ ಮೇಲೆಯೇ ಶಿಕ್ಷೆ ಕೊಡಲು ಕಾನೂನಿನ ಅಡ್ಡಿಯಿಲ್ಲ. ಆದರೆ ಮಗುವಿಗೆ ಯಾರಾದರೂ ಹೇಳಿಕೊಟ್ಟಿರಬಹುದು, ಬೇರೆ ಕಡೆಯಿಂದ ಬೆಂಬಲ ಸಿಗುವುದೋ ನೋಡಿ ನಂಬುವುದು ವಿವೇಕ ಎಂಬ ಎಚ್ಚರಿಕೆ ಅದರ ಬೆನ್ನಿಗೇ ಬರುತ್ತದೆ. ಕೆಳಗಿನ ಕೋರ್ಟಿನ ನ್ಯಾಯಾಧೀಶರು ಮಗುವನ್ನು ಕಣ್ಣಾರೆ ಕಂಡು, ಕಿವಿಯಾರೆ ಕೇಳಿ ತೀರ್ಪು ಕೊಡುತ್ತಾರೆ. ಅಪರಾಧಿ ಮೇಲ್ಮನವಿಗೆ ಹೋದಾಗ ಮೇಲಿನ ಕೋರ್ಟು ಇಡೀ ಸಾಕ್ಷ್ಯವನ್ನು ಹೊಸದಾಗಿ ತೂಗಬಹುದು. ಆದರೆ ಅದು ತೂಗುವುದು ಕಾಗದವನ್ನು. ಮಗು ಅಲ್ಲಿಗೆ ಬರುವುದಿಲ್ಲ. ಸಾಕ್ಷಿಯನ್ನು ಕಂಡವರ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆಂದು ತೀರ್ಪುಗಳಲ್ಲಿ ಧಾರಾಳವಾಗಿ ಬರೆದಿರುತ್ತಾರೆ, "ಆದಾಗ್ಯೂ" ಎಂದು ಮುಂದಿನ ವಾಕ್ಯ ಆರಂಭಿಸುತ್ತಾರೆ.

೧೯೮೬ರ ಚಳಿಗಾಲದಲ್ಲಿ ಬಂದ ಮೊಕದ್ದಮೆ ಇಂಥದು. ವಿಜಾಪುರ ಜಿಲ್ಲೆಯ ಒಂದು ಲಂಬಾಣಿ ತಾಂಡಾದಿಂದ ಬಂದು ಕಡಲತಡಿಯಲ್ಲಿ ಮಣಿಸರ, ಕನ್ನಡಿಚೀಲ ಮಾರುತ್ತಿದ್ದ ತಾಯಿಯನ್ನು ಇಲ್ಲಿ ಗಂಗೀಬಾಯಿ ಎಂದು ಕರೆಯೋಣ. ನಿಜವಾದ ಹೆಸರು ಬರೆಯಲು ಕಾನೂನೂ ಬಿಡದು, ಯಮುನಾಬಾಯಿಯವರೂ ಬಿಡರು. ಗಂಗೀಬಾಯಿಯ ಒಂಬತ್ತು ವರ್ಷದ ಮಗಳನ್ನು, ಸರ ಕೊಳ್ಳುವ ನೆಪದಲ್ಲಿ ಒಂದು ಸಣ್ಣ ಲಾಡ್ಜಿನ ಯಜಮಾನ ಒಳಗೆ ಕರೆದ. ಮುಂದೆ ನಡೆದದ್ದನ್ನು ಆ ಹುಡುಗಿ ಹೇಳಬೇಕಾದಲ್ಲೆಲ್ಲ ಹೇಳಿದ್ದಾಳೆ, ಇಲ್ಲಿ ಮತ್ತೆ ಬರೆಯುವುದಿಲ್ಲ.

ಗಂಗೀಬಾಯಿ ಪೊಲೀಸ್ ಠಾಣೆಗೆ ಹೋಗಲಿಲ್ಲ. ಯಾವ ದೂರಾದರೂ ಮೊದಲು ನಾಯಕನ ಕಟ್ಟೆಗೆ ಹೋಗಬೇಕೆಂಬುದು ಅವರ ತಾಂಡಾದ ನಡೆ. ಮಗಳನ್ನು ಎತ್ತಿಕೊಂಡು ಲೋಂಡಾದ ಮೇಲೆ ಹೋಗುವ ರೈಲು ಹತ್ತಿ ಊರಿಗೆ ಹೋದಳು. ನಾಯಕ ಲೋಕಪ್ಪ ಹಿರಿಯರನ್ನು ಕೂಡಿಸಿದ. ನೊಂದವರು ಅಲ್ಲಿ ತಮ್ಮ ಮಾತನ್ನು ಮೂರು ಸಲ, ಪ್ರತಿ ಸಲ ಬೇರೊಬ್ಬ ಹಿರಿಯನ ಮುಖ ನೋಡಿ ಹೇಳಬೇಕು. ಮೂರರಲ್ಲಿ ಒಂದು ಮಾತು ಹೆಚ್ಚುಕಡಿಮೆಯಾದರೂ ದೂರು ಬಿದ್ದುಹೋಗುತ್ತದೆ. ಹುಡುಗಿ ಮೂರು ಸಲ ಹೇಳಿದಳು. ಕಟ್ಟೆ ನಂಬಿತು, ಇದು ನಮ್ಮ ಕೈಮೀರಿದ್ದು, ಸರ್ಕಾರಕ್ಕೆ ಹೋಗಿರಿ ಎಂದಿತು. ಗೋವೆಗೆ ಮರಳಿ ದೂರು ಕೊಡುವಷ್ಟರಲ್ಲಿ ಹನ್ನೊಂದು ದಿನ ಕಳೆದಿದ್ದವು, ವೈದ್ಯರಿಗೆ ಮೈಮೇಲೆ ಕಾಣುವಂಥದೇನೂ ಉಳಿದಿರಲಿಲ್ಲ.

ಈ ವಿಳಂಬವನ್ನು ವಿವರಿಸಲು ಲೋಕಪ್ಪನನ್ನೇ ಸಾಕ್ಷಿಯಾಗಿ ಕರೆಸದೆ ಗತ್ಯಂತರವಿರಲಿಲ್ಲ. ಕೆಂಪು ರುಮಾಲು ಸುತ್ತಿಕೊಂಡು ಬಂದ ಆ ಹಿರಿಯ ಕೋರ್ಟಿನ ಮೊಗಸಾಲೆಯಲ್ಲಿ ಯಮುನಾಬಾಯಿಯವರನ್ನು ಕೇಳಿದ: "ಆ ಲಾಡ್ಜಿನವರು ರಾಜಿಗೆ ಬಂದಾರ್ರಿ ಬಾಯಾರ, ಕಟ್ಟಿಗೆ ಬರ್ತೀವಿ ಅಂತಾರ. ಏನ ಹೇಳಲಿ?" ರಾಜಿಯ ಬಾಗಿಲು ಮುಚ್ಚಬೇಕೆಂಬ ಆತುರದಲ್ಲಿ ಯಮುನಾಬಾಯಿಯವರು ಖಡಾಖಂಡಿತವಾಗಿ ಹೇಳಿದರು: "ಲೋಕಪ್ಪನವರ, ಕೋರ್ಟು ನಿಮ್ಮ ಕಟ್ಟಿಗಿಂತಾ ದೊಡ್ಡದದ. ಇಲ್ಲಿ ಏನ ತೀರ್ಪಾಗ್ತದ ಅದ ಕಡೀ ಮಾತು. ತಾಂಡಾದಾಗ ಮತ್ತ ಬ್ಯಾರೆ ಮಾತ ತೆಗೀಬ್ಯಾಡ್ರಿ." ಲೋಕಪ್ಪ ತಲೆ ಅಲ್ಲಾಡಿಸಿದ. ಲಾಡ್ಜಿನವರು ಬರಿಗೈಯಲ್ಲಿ ಮರಳಿದರು.

ಪಾಟೀ ಸವಾಲಿನಲ್ಲಿ ಎದುರು ವಕೀಲರು ಬಹಳ ಮರ್ಯಾದೆಯಿಂದ ಕೇಳಿದರು, ಹುಡುಗಿಯಿಂದ ನೀವು ಮಾತು ಹೇಳಿಸಿದಿರೋ? ಲೋಕಪ್ಪ ಎದೆಯುಬ್ಬಿಸಿ ಉತ್ತರಿಸಿದ: "ಹೌದ್ರಿ. ಮೂರ ಸಲ ಹೇಳಿಸೇವಿ. ಒಂದಕ್ಷರ ತಪ್ಪಿಲ್ಲ ನೋಡ್ರಿ." ತಮ್ಮ ಕಟ್ಟೆಯ ಪರೀಕ್ಷೆ ಎಷ್ಟು ಕಟ್ಟುನಿಟ್ಟು ಎಂಬುದನ್ನು ದೊಡ್ಡ ಕೋರ್ಟಿಗೆ ತಿಳಿಸಿದ ಸಮಾಧಾನ ಆತನ ಮುಖದಲ್ಲಿತ್ತು. ಎದುರು ವಕೀಲರು ಅಷ್ಟೇ ಸಾಕೆಂದು ಕುಳಿತರು.

ಹುಡುಗಿಯ ಸರದಿ ಬಂದಾಗ ಅವಳು ಆರೋಪಿಯನ್ನು ಕಂಡು ಮಾತು ನಿಲ್ಲಿಸಿದಳು. ಗೋಡೆಯ ಕಡೆ ತಿರುಗಿ, ಕಟಕಟೆಯ ಪಟ್ಟಿಯನ್ನು ಉಗುರಿನಿಂದ ಕೆರೆಯುತ್ತ ನಿಂತಳು. ನ್ಯಾಯಾಧೀಶರು ಒಳ್ಳೆಯವರು, ಲೇಖನಿ ಕೆಳಗಿಟ್ಟು ಕಾದರು. ಬಹಳ ಹೊತ್ತಿನ ಮೇಲೆ ಗೋಡೆಗೇ ಹೇಳುವಂತೆ, ಅರ್ಧ ಲಂಬಾಣಿ ಅರ್ಧ ಕನ್ನಡದಲ್ಲಿ, ತುಂಡು ತುಂಡಾಗಿ ಹೇಳಿದಳು. ಕೋರ್ಟಿನಲ್ಲಿದ್ದ ಯಾರೂ ಆ ದಿನ ಅವಳನ್ನು ಸಂಶಯಿಸಲಿಲ್ಲ. ೧೯೮೮ರಲ್ಲಿ ಏಳು ವರ್ಷದ ಶಿಕ್ಷೆಯಾಯಿತು.

ಮೇಲ್ಮನವಿಯ ವಿಚಾರಣೆ ೧೯೯೧ರಲ್ಲಿ ನಡೆಯಿತು. ಅಲ್ಲಿ ಸರ್ಕಾರದ ಪರವಾಗಿ ವಾದಿಸುವವರು ಬೇರೆ. ಯಮುನಾಬಾಯಿಯವರು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಬಹುದಿತ್ತು, ಬಾಯಿ ತೆರೆಯುವಂತಿರಲಿಲ್ಲ. ಹುಡುಗಿಯ ಸಾಕ್ಷ್ಯವನ್ನು ಗಟ್ಟಿಯಾಗಿ ಓದಿದರು. ಪದ್ಧತಿಯಂತೆ ಅದನ್ನು ಇಂಗ್ಲಿಷಿನಲ್ಲಿ, ಪ್ರಶ್ನೆಗಳನ್ನೆಲ್ಲ ಬಿಟ್ಟು, ಒಂದೇ ಧಾರೆಯಾಗಿ ದಾಖಲಿಸಲಾಗಿತ್ತು. ಕನ್ನಡವೇ ತೊದಲುತ್ತಿದ್ದ ಹುಡುಗಿ ಕಡತದಲ್ಲಿ ಕಾಲೇಜು ಓದಿದವಳ ಹಾಗೆ ಮಾತಾಡಿದ್ದಳು. ಗೋಡೆಯಿಲ್ಲ, ಉಗುರಿಲ್ಲ, ಆ ದೀರ್ಘ ಮೌನವೂ ಇಲ್ಲ.

ತೀರ್ಪು ಸೌಜನ್ಯದಿಂದಲೇ ಬರೆದದ್ದು. ಮಗುವಿನ ಕಥನ ವಯಸ್ಸಿಗೆ ಮೀರಿ ನಿರರ್ಗಳವಾಗಿದೆ, ನಾಯಕನೇ ಒಪ್ಪಿರುವಂತೆ ಅದನ್ನು ಮೂರು ಬಾರಿ ಹೇಳಿಸಲಾಗಿದೆ, ಹನ್ನೊಂದು ದಿನದ ಸಮಾಲೋಚನೆಯ ನಂತರ ದೂರು ಹುಟ್ಟಿದೆ, ಸ್ವತಂತ್ರ ಬೆಂಬಲವಿಲ್ಲ, ಸಾಕ್ಷ್ಯ ಸಾಲದು. ಸಂಶಯದ ಲಾಭ ಕೊಟ್ಟು ಖುಲಾಸೆ. ತಾಂಡಾದವರು ಸತ್ಯಪರೀಕ್ಷೆಗೆಂದು ಮಾಡಿದ್ದು ಕೋರ್ಟಿಗೆ ಬಾಯಿಪಾಠವಾಗಿ ಕಂಡಿತು. ದಿಲ್ಲಿಯ ಸುಪ್ರೀಂ ಕೋರ್ಟಿಗೆ ಹೋಗಲು ಯಮುನಾಬಾಯಿಯವರು ಬರೆದ ಟಿಪ್ಪಣಿ, 'ಯೋಗ್ಯ ಪ್ರಕರಣವಲ್ಲ' ಎಂಬ ಷರಾ ಹೊತ್ತು ಬೇಗನೆ ಮರಳಿ ಬಂತು. ಇಷ್ಟು ತ್ವರೆಯಿಂದ ಸರ್ಕಾರ ಬೇರಾವ ಕಾಗದಕ್ಕೂ ಉತ್ತರಿಸಿದ್ದನ್ನು ಅವರು ಕಂಡಿರಲಿಲ್ಲ.

ಕೆಲವು ವಾರಗಳ ಮೇಲೆ ಗಂಗೀಬಾಯಿ ಕಚೇರಿಗೆ ಬಂದಳು. "ಬಾಯಾರ, ತಾಂಡಾದಾಗ ನಮ್ಮನೀ ನೀರ ಯಾರೂ ಕುಡ್ಯಾಂಗಿಲ್ರಿ. ಹುಡುಗಿ ಸುಳ್ಳು ಹೇಳ್ಯಾಳ ಅಂತ ಕಟ್ಟಿ ಮ್ಯಾಲ ಒಪ್ಕೋಬೇಕಂತ. ನೀವು ಬಂದು ಒಂದ ಮಾತ ಹೇಳ್ರಿ" ಎಂದಳು. ಯಮುನಾಬಾಯಿಯವರು ರಜೆ ಹಾಕಿ ಅವಳ ಜೊತೆಗೇ ಹೊರಟರು. ಖುಲಾಸೆ ಎಂದರೆ ಹುಡುಗಿ ಸುಳ್ಳಿ ಎಂದಲ್ಲ, ಸಾಕ್ಷ್ಯ ಸಾಲಲಿಲ್ಲ ಎಂದಷ್ಟೇ ಅರ್ಥ ಎಂಬುದನ್ನು ರೈಲಿನುದ್ದಕ್ಕೂ ಸರಳ ಕನ್ನಡದಲ್ಲಿ ಜೋಡಿಸಿಕೊಂಡರು. ಕಟ್ಟೆಯ ಮುಂದೆ ನೆಲದ ಮೇಲೆ ಕುಳಿತು ಅದನ್ನೆಲ್ಲ ಹೇಳಿದರು. ಅಷ್ಟು ಚೆನ್ನಾಗಿ ತಾವು ಯಾವ ಕೋರ್ಟಿನಲ್ಲಿಯೂ ವಾದಿಸಿರಲಿಲ್ಲ ಎಂದು ಅವರೇ ಅನ್ನುತ್ತಾರೆ.

ಲೋಕಪ್ಪ ಪೂರ್ತಿ ಕೇಳಿದ. ಆತ ದುಷ್ಟನಲ್ಲ, ಹುಡುಗಿಯನ್ನು ಮೊದಲು ನಂಬಿದವನೇ ಆತ. "ನಾವೂ ನಂಬಿದ್ವಿರಿ ಬಾಯಾರ," ಎಂದ. "ಆದ್ರ ನೀವ ಹೇಳಿದ್ರಲ್ರಿ, ಕೋರ್ಟ ಕಟ್ಟಿಗಿಂತಾ ದೊಡ್ಡದು, ಅಲ್ಲಿದ್ದದ್ದ ಕಡೀ ಮಾತು ಅಂತ. ಅಂವಾ ತಪ್ಪ ಮಾಡಿದ್ರ ದೊಡ್ಡ ಕೋರ್ಟ ಯಾಕ ಬಿಡ್ತಿತ್ರಿ? ನಾವು ಏನೋ ತಪ್ಪ ಕೇಳಿರಬೇಕು."

ತಾಯಿಯ ಪಕ್ಕ ನಿಂತಿದ್ದ ಹುಡುಗಿಗೆ ಆಗ ಹದಿನಾಲ್ಕು. ತಾಯಿ ಅಳುತ್ತಿರುವುದನ್ನು ನೋಡಿದವಳೇ ಮುಂದೆ ಬಂದಳು, ಲೋಕಪ್ಪನ ಮುಖವನ್ನೇ ನೋಡುತ್ತ, "ನಾ ಸುಳ್ಳು ಹೇಳಿದ್ನಿರಿ, ತಪ್ಪಾತು" ಎಂದಳು. ಗೋಡೆಯ ಕಡೆ ತಿರುಗಲಿಲ್ಲ, ಎಲ್ಲಿಯೂ ತಡೆಯಲಿಲ್ಲ. ಕಟ್ಟೆ ಅವಳ ಮನೆಯ ನೀರು ಕುಡಿಯಿತು.

ಅಲ್ಲಿಂದ ಮರಳಿದ ಮೇಲೆ ಯಮುನಾಬಾಯಿಯವರು ಹಿಡಿದ ಹಟ ನಮಗೆಲ್ಲ ಗೊತ್ತಿದ್ದದ್ದೇ. ಸಾಕ್ಷಿಯ ನಡವಳಿಕೆಯ ಕುರಿತು ನ್ಯಾಯಾಧೀಶರು ಟಿಪ್ಪಣಿ ಬರೆಯಬೇಕೆಂದು ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ೨೮೦ನೆಯ ಕಲಮು ಹೇಳುತ್ತದೆ. ಧೂಳು ತಿನ್ನುತ್ತಿದ್ದ ಆ ಕಲಮನ್ನು ಅವರು ಪ್ರತಿ ವಿಚಾರಣೆಯಲ್ಲಿ ಎದ್ದು ನಿಂತು ನೆನಪಿಸಿದರು. ಮಗು ಅತ್ತರೆ ಅತ್ತಿತೆಂದು, ಸುಮ್ಮನಾದರೆ ಸುಮ್ಮನಾಯಿತೆಂದು ಬರೆಸಿದರು. ಕೇಳಿದ ಪ್ರಶ್ನೆಯನ್ನೂ ಮಗು ಆಡಿದ ಮಾತನ್ನೂ ಇದ್ದದ್ದು ಇದ್ದ ಹಾಗೆ ದಾಖಲಿಸಬೇಕೆಂದು ಪಟ್ಟು ಹಿಡಿದರು. "ನಾನು ಸಾಕ್ಷ್ಯ ಬರೆಯಬೇಕೋ ನಾಟಕ ಬರೆಯಬೇಕೋ" ಎಂದು ಒಬ್ಬ ನ್ಯಾಯಾಧೀಶರು ರೇಗಿದ್ದೂ ಉಂಟು. ಅಂಥ ಟಿಪ್ಪಣಿಗಳ ಬಲದಿಂದ ಮೇಲಿನ ಕೋರ್ಟಿನಲ್ಲಿ ಕೆಲವು ಶಿಕ್ಷೆಗಳು ರದ್ದಾಗದೆ ನಿಂತವು, ಕೆಲವು ನಿಲ್ಲಲಿಲ್ಲ. ನಿಂತಾಗ ಅಭಿನಂದಿಸಲು ಹೋದವರಿಗೆ ಅವರು ಚಹಾ ಕೊಟ್ಟು ಬೇರೆ ಮಾತು ತೆಗೆಯುತ್ತಿದ್ದರು.

ಈ ಸಮಾರಂಭ ಗೊತ್ತಾದ ಮೇಲೆ ಅವರು ಕಡಲತಡಿಗೆ ಹೋಗಿ ಆ ಹುಡುಗಿಯನ್ನು ಕಂಡುಬಂದರು. ಈಗ ಅವಳೂ ಮಣಿಸರ ಮಾರುತ್ತಾಳೆ. ಸೆರಗು ಹಿಡಿದು ನಡೆಯುವ ಒಬ್ಬ ಮಗಳಿದ್ದಾಳೆ. ಯಮುನಾಬಾಯಿಯವರು ಮರಳಿನ ಮೇಲೆ ಕುಳಿತು, ಇಷ್ಟು ವರ್ಷ ಹೇಳಬೇಕೆಂದಿದ್ದ ಮಾತು ಹೇಳಿದರು: "ಅವತ್ತ ನೀ ಹೇಳಿದ್ದು ಖರೇ. ನನಗ ಗೊತ್ತದ." ಅವಳು ಸರಗಳ ಸಿಕ್ಕು ಬಿಡಿಸುತ್ತಲೇ ಇದ್ದಳು. ಆಗ ಅವರು ತಡೆಯಲಾರದೆ ಕೇಳಿದರು, ದೇವರು ಹಾಗೆ ಮಾಡದಿರಲಿ, ಈ ಕೂಸಿಗೆ ಏನಾದರೂ ಆದರೆ ಕೋರ್ಟಿಗೆ ಬರುತ್ತೀಯಾ?

"ಇಲ್ರಿ ಬಾಯಾರ," ಎಂದಳು ಅವಳು. ಸಿಟ್ಟಿರಲಿಲ್ಲ. "ಬರಾಂಗಿಲ್ರಿ."

ನಿವೃತ್ತಿಯ ನಂತರ ಯಮುನಾಬಾಯಿಯವರು ಪ್ರತಿ ಭಾನುವಾರ ಆ ಮರಳಿನ ಮೇಲೆ, ಮಾರುವ ಹೆಣ್ಣುಮಕ್ಕಳ ನಡುವೆ, ಚುರುಮುರಿ ಡಬ್ಬಿ ಇಟ್ಟುಕೊಂಡು ಕೂಡುವವರಿದ್ದಾರೆ. ಕರಿಕೋಟು ಬಿಚ್ಚಿಡುವ ಕೆಲಸ ಇನ್ನಿಲ್ಲ. ಇಂಥ ಸಂಪುಟಗಳ ಕೊನೆಯಲ್ಲಿ ನೂರು ವರ್ಷ ಬಾಳಲೆಂದು ಹಾರೈಸುವುದು ವಾಡಿಕೆ. ಅವರಿಗೆ ವರ್ಷಗಳ ಲೆಕ್ಕ ಬೇಡ. ಕೈಕಾಲು ಗಟ್ಟಿಯಿರಲಿ, ಕಿವಿ ಚುರುಕಾಗಿರಲಿ, ಬರಾಂಗಿಲ್ಲ ಎಂದ ಆ ಎಳೆಯ ತಾಯಿ ತನ್ನ ಉತ್ತರವನ್ನು ಬದಲಿಸುವ ದಿನದವರೆಗೆ ಯಮುನಾಬಾಯಿಯವರು ಬದುಕಿರಲಿ.