ಬೈಯುವ ಡಾಕ್ಟರಿಗೆ ಲೈಸೆನ್ಸು

ಶಿಡ್ಲಘಟ್ಟದಲ್ಲಿ ನನ್ನ ಸೋದರಮಾವನನ್ನು ಎದುರಿಗೆ ‘ಡಾಕ್ಟ್ರು’ ಎನ್ನುತ್ತಿದ್ದರು, ಬೆನ್ನು ತಿರುಗಿದರೆ ‘ಮಣ್ಣು ಡಾಕ್ಟ್ರು’. ಎರಡೂ ನಿಜವೇ. ರೋಗ ಯಾವುದೇ ಇರಲಿ, ಕೆರೆಯ ಮಣ್ಣನ್ನು ಜರಡಿ ಹಿಡಿದು ಕಲಸಿ ಹೊಟ್ಟೆಯ ಮೇಲೆ ಮೆತ್ತುವುದು, ತಣ್ಣೀರಿನ ತಗಡಿನ ತೊಟ್ಟಿಯಲ್ಲಿ ಸೊಂಟ ಮುಳುಗುವಂತೆ ಕೂರಿಸುವುದು, ಊಟ ಬಿಡಿಸುವುದು ಇಷ್ಟೇ ಅವರ ಪ್ರಕೃತಿ ಚಿಕಿತ್ಸೆ. ಬೋರ್ಡಿನ ಮೇಲೆ ಬರೆಸದೆ ಬಿಟ್ಟಿದ್ದ ಇನ್ನೊಂದು ಚಿಕಿತ್ಸೆಯೂ ಇತ್ತು. ಅದು ಬೈಗುಳ.

“ರಾತ್ರಿ ಮುದ್ದೆ ತಿಂದ್ಯಾ? ಸುಳ್ಳು ಹೇಳ್ಬೇಡ, ನಾಲಿಗೆ ಚಾಚು. ಥೂ! ಇದು ನಾಲಿಗೆಯೋ, ಕೊಟ್ಟಿಗೆ ಗೋಡೆಯೋ?”

ರೋಗಿ ಶಾನುಭೋಗನಾದರೂ ಅಷ್ಟೆ, ರೇಷ್ಮೆಗೂಡಿನ ವ್ಯಾಪಾರಿಯಾದರೂ ಅಷ್ಟೆ. ತೊಟ್ಟಿಯಲ್ಲಿ ಚಡ್ಡಿಯ ಮೇಲೆ ಕೂತವನಿಗೆ ಊರಿನಲ್ಲಿ ತಾನು ಯಾರು ಎನ್ನುವುದನ್ನು ಹೇಳಿಕೊಳ್ಳಲು ಧೈರ್ಯ ಎಲ್ಲಿಂದ ಬರಬೇಕು?

ನಾನಾಗ ಪಿಯುಸಿಯಲ್ಲಿ ಡುಮ್ಕಿ ಹೊಡೆದು ಮಾವನ ಮನೆ ಸೇರಿದ್ದೆ. ದೇವರು ನನಗೆ ಕೊಟ್ಟಿದ್ದ ವಿದ್ಯೆ ಒಂದೇ, ಬೇರೆಯವರ ಹಾಗೆ ಮಾತಾಡುವುದು. ಆಸ್ಪತ್ರೆಯ ಡಾಕ್ಟರು ಕೆಮ್ಮಿದಂತೆ ಕೆಮ್ಮುತ್ತಿದ್ದೆ, ತಹಸೀಲ್ದಾರರು ಕುರ್ಚಿ ಎಳೆದಂತೆ ಎಳೆಯುತ್ತಿದ್ದೆ. ಮಾವನ ದನಿಯಲ್ಲಿ ಅತ್ತೆಯನ್ನು ಕೂಗಿ ಬಿಸಿನೀರು ತರಿಸಿಕೊಂಡು ಏಟು ತಿಂದದ್ದೂ ಉಂಟು. ನನ್ನದೇ ದನಿ ಯಾವುದು ಎಂದು ಕೇಳಿದರೆ ಮಾತ್ರ ಪರೀಕ್ಷೆಯಲ್ಲಿ ಕೂತವನ ಹಾಗೆ ಮೇಲೆ ಕೆಳಗೆ ನೋಡುತ್ತಿದ್ದೆ.

ಅರವತ್ತರ ದಶಕದ ಮೊದಲ ವರ್ಷಗಳು. ಸರ್ಕಾರಕ್ಕೆ ಇದ್ದಕ್ಕಿದ್ದಂತೆ ನಮ್ಮ ಮಾವನಂಥವರ ನೆನಪಾಯಿತು. ಆಯುರ್ವೇದ, ಯುನಾನಿ, ಪ್ರಕೃತಿ ಚಿಕಿತ್ಸೆ ಎಂದು ಬೋರ್ಡು ಹಾಕಿಕೊಂಡವರೆಲ್ಲ ಹೆಸರು ನೋಂದಾಯಿಸಿಕೊಳ್ಳಬೇಕು ಎಂದು ಕಾನೂನು ಬಂತು. ಕಾಲೇಜಿನಲ್ಲಿ ಓದಿದವರಿಗೆ ತೊಂದರೆಯಿಲ್ಲ. ಓದದವರು ಬಹಳ ವರ್ಷದಿಂದ ಚಿಕಿತ್ಸೆ ಮಾಡುತ್ತಿದ್ದೇವೆಂದು ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬರುವ ಅಧಿಕಾರಿಯ ಮುಂದೆ ತೋರಿಸಿಕೊಡಬೇಕು, ಗುಣವಾದ ಒಬ್ಬ ಮರ್ಯಾದಸ್ಥನನ್ನು ಜೊತೆಗೆ ಕರೆತರಬೇಕು. ಇಲ್ಲವಾದರೆ ಬೋರ್ಡು ಇಳಿಸಬೇಕು.

ಮಾವ ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ. ಮೇಷ್ಟರ ಕೆಲಸದಲ್ಲಿದ್ದಾಗ ಹೊಟ್ಟೆನೋವಿನಿಂದ ಸಾಯುವ ಹಾಗಾಗಿ, ಯಾವುದೋ ಆಶ್ರಮದಲ್ಲಿ ತಣ್ಣೀರಲ್ಲಿ ಕೂತು ಬದುಕಿ ಬಂದು, ಕೆಲಸಕ್ಕೆ ರಾಜೀನಾಮೆ ಕೊಟ್ಟು, ಊರನ್ನೆಲ್ಲ ತಣ್ಣೀರಲ್ಲಿ ಕೂರಿಸುವ ಪಣ ತೊಟ್ಟವರು. ಬೋರ್ಡು ಇಳಿದರೆ ಅವರಿಗೆ ಮಾಡಲು ಬೇರೇನೂ ಇರಲಿಲ್ಲ.

ಸಾಕ್ಷಿ ಹುಡುಕುವ ಕೆಲಸ ನನಗೆ ಬಿತ್ತು. ಗುಣವಾದವರಿಗೇನೂ ಬರವಿರಲಿಲ್ಲ, ಗುಣವಾದೆ ಎಂದು ಹೇಳುವವರಿಗೆ ಬರ. ತಾಲ್ಲೂಕು ಕಚೇರಿಯ ಗುಮಾಸ್ತರು ನನ್ನನ್ನು ಹುಣಸೇಮರದ ಮರೆಗೆ ಕರೆದುಕೊಂಡು ಹೋಗಿ ಪಿಸುಗುಟ್ಟಿದರು. “ನಾನು ಮೈಗೆ ಮಣ್ಣು ಮೆತ್ಕೊಂಡು ಮಲಗಿದ್ದೆ ಅಂತ ಇನ್ನೊಬ್ಬ ಆಫೀಸರ ಮುಂದೆ ಹೇಳ್ಲೇನಪ್ಪಾ? ನಾಳೆ ನನ್ನ ಟೇಬಲ್ ಮೇಲೆ ಯಾರಾದ್ರೂ ಮಣ್ಣಿನ ಹೆಂಟೆ ತಂದಿಡ್ತಾರೆ.”

ಕೊನೆಗೆ ಒಪ್ಪಿದವರು ಮೇಲೂರಿನ ಗೌಡರು. ಹಿಪ್ಪುನೇರಳೆ ತೋಟ, ಎರಡು ಬಾವಿ, ದೊಡ್ಡ ಹೊಟ್ಟೆ ಮೂರೂ ಇದ್ದ ಕುಳ. ಹೊಟ್ಟೆಯ ವಾಯುವಿನಿಂದ ರಾತ್ರಿಯೆಲ್ಲ ಕೂತೇ ನಿದ್ದೆ ಮಾಡುತ್ತಿದ್ದವರನ್ನು ಮಾವ ಮಲಗುವಂತೆ ಮಾಡಿದ್ದರು. ಇನ್ನೂ ಒಂದು ಅನುಕೂಲವಿತ್ತು. ಬಾವಿಗಾಗಿ, ಬದುವಿಗಾಗಿ ದಾಯಾದಿಗಳ ಮೇಲೆ ವ್ಯಾಜ್ಯ ಹೂಡಿ ಹೂಡಿ ಅವರು ಚಿಕ್ಕಬಳ್ಳಾಪುರದ ಕೋರ್ಟಿನ ಕಟಕಟೆ ಸವೆಸಿದವರು. ಸಾಕ್ಷಿ ಹೇಳುವುದರಲ್ಲಿ ಅವರಷ್ಟು ಪಳಗಿದವರು ನಮ್ಮ ತಾಲ್ಲೂಕಿನಲ್ಲೇ ಇರಲಿಲ್ಲ.

“ಅದೇನ್ ದೊಡ್ಡ ವಿಷ್ಯ ಬಿಡ್ರಪ್ಪಾ! ಎಂತೆಂಥಾ ಲಾಯರಿಗೇ ಬಗ್ಗಿಲ್ಲ ನಾನು,” ಎಂದರು.

ಆದರೂ ಒಂದು ತಾಲೀಮು ಇರಲಿ ಎಂದು ಜಗಲಿಯ ಮೇಲೆ ನಾನೇ ಅಧಿಕಾರಿಯಾಗಿ ಕೂತೆ. ಬೆಂಗಳೂರಿನ ಅಧಿಕಾರಿಯನ್ನು ನಾನು ಕಂಡಿರಲಿಲ್ಲ. ಅದಕ್ಕೆ ತಹಸೀಲ್ದಾರರ ಗಂಟಲು, ಸ್ಟೇಷನ್ ಮಾಸ್ಟರ ಹುಬ್ಬು ಎರಡನ್ನೂ ಸೇರಿಸಿ ಒಬ್ಬ ಅಧಿಕಾರಿಯನ್ನು ತಯಾರಿಸಿ ಗುಡುಗಿದೆ. “ಏಯ್ ಗೌಡ! ಈ ಮನುಷ್ಯ ನಿನಗೇನು ಮಾಡಿದ?”

ಗೌಡರು ಎದೆ ಸೆಟೆಸಿ ನಿಂತರು. “ಸ್ವಾಮಿ, ನನ್ನ ಪ್ರಾಣ ಉಳಿಸಿದ ಪುಣ್ಯಾತ್ಮ ಇವರು! ಮಣ್ಣು ಮೆತ್ತಿದ್ರು, ತೊಟ್ಟೀಲಿ ಕೂರಿಸಿದ್ರು. ಈಗ ಮೇಲೂರಿಂದ ಇಲ್ಲಿಗೆ ನಡ್ಕೊಂಡು ಬರ್ತೀನಿ.”

ಅತ್ತೆಯ ಕಣ್ಣಲ್ಲಿ ನೀರು ಬಂತು. “ಎಷ್ಟು ಚೆನ್ನಾಗಿ ಹೇಳಿದ್ರಪ್ಪಾ!” ಎಂದರು. ನಾನು ನನ್ನ ನಟನೆಗೂ ಯಾರಾದರೂ ಒಂದು ಮಾತು ಹೇಳಬಹುದೇ ಎಂದು ಕಾದೆ. ಯಾರೂ ಹೇಳಲಿಲ್ಲ.

ಗೊತ್ತಾದ ದಿನ ಬೆಳಿಗ್ಗೆ ಸಣ್ಣ ರೈಲಿನಲ್ಲಿ ಮೂವರೂ ಚಿಕ್ಕಬಳ್ಳಾಪುರಕ್ಕೆ ಹೊರಟೆವು. ಗೌಡರು ಬಾಗಿಲ ಬಳಿ ಯಾರೊಡನೆಯೋ ತೆಲುಗಿನಲ್ಲಿ ಹರಟುತ್ತಿದ್ದರು. ಮಾವ ಕಿಟಕಿಯ ಹೊರಗೆ ನೋಡುತ್ತಿದ್ದವರು ಒಮ್ಮೆಲೇ ನನ್ನ ಮೊಣಕೈ ಹಿಡಿದು, “ಲೋ, ನಿಲ್ಲಿಸ್ಬಿಡು ಅಂದ್ರೆ ಏನ್ಮಾಡ್ಲೋ?” ಎಂದು ಕೇಳಿದರು. ಊರನ್ನೇ ಬೈಯುವವರ ದನಿ ಅಷ್ಟು ಸಣ್ಣದಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಎಲ್ಲರ ದನಿಯನ್ನೂ ತೆಗೆಯುವ ನಾನು ಆ ಹೊತ್ತಿನಲ್ಲಿ ಬಾಯಿಯನ್ನೇ ತೆಗೆಯಲಿಲ್ಲ.

ಪ್ರವಾಸಿ ಬಂಗಲೆಯ ಜಗಲಿಯಲ್ಲಿ ಸುತ್ತಲ ತಾಲ್ಲೂಕುಗಳ ವೈದ್ಯರೆಲ್ಲ ನೆರೆದಿದ್ದರು. ಚಿಂತಾಮಣಿಯ ಹಕೀಮರು ಬಣ್ಣಬಣ್ಣದ ಶರಬತ್ತಿನ ಸೀಸೆಗಳನ್ನು ಬುಟ್ಟಿಯಲ್ಲಿ ಜೋಡಿಸಿಕೊಂಡು ಬಂದಿದ್ದರು. ಗೌರಿಬಿದನೂರಿನ ಪಂಡಿತರ ಬಳಿ ಲೇಹ್ಯದ ಭರಣಿಗಳು. ತೊಂಡೇಬಾವಿಯವರೊಬ್ಬರು ಬೇರುನಾರುಗಳ ಮೂಟೆಯ ಮೇಲೆಯೇ ಕೂತಿದ್ದರು. ನಮ್ಮ ಮಾವನ ಕೈಯಲ್ಲಿದ್ದದ್ದು ಹಿತ್ತಾಳೆ ಡಬ್ಬಿಯಲ್ಲಿ ಒಂದು ಹಿಡಿ ಕೆರೆಮಣ್ಣು. ಹಕೀಮರು ಮುಚ್ಚಳ ತೆಗೆಸಿ ನೋಡಿ, ಬಹಳ ಮರ್ಯಾದೆಯಿಂದ ಮುಚ್ಚಿ ಕೊಟ್ಟರು.

ಒಳಗೆ ಹೋದೆವು. ಅಧಿಕಾರಿಯನ್ನು ಕಂಡು ನನಗೆ ಅವಮಾನವಾಯಿತು. ಸಣಕಲು ದೇಹ, ಮೃದು ಮಾತು, ಎಲ್ಲರಿಗೂ ಬಹುವಚನ. ನಾನು ಕಟ್ಟಿದ್ದ ಅಧಿಕಾರಿಯ ಒಂದು ಕೂದಲೂ ಈತನಲ್ಲಿ ಇರಲಿಲ್ಲ.

“ಬನ್ನಿ, ಕೂತ್ಕೊಳ್ಳಿ,” ಎಂದು ಮಾವನಿಗೆ ಕುರ್ಚಿ ತೋರಿಸಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಗೌಡರ ಕಡೆ ನೋಡಿದರು. “ಇವರು ನಿಮಗೆ ಗೊತ್ತೇನು ಗೌಡ್ರೇ?”

ಪೆನ್ನಿನ ಮುಚ್ಚಳ ತೆಗೆದದ್ದೇ ಗೌಡರ ಮುಖ ಬಾಗಿಲು ಹಾಕಿದ ಅಂಗಡಿಯ ಹಾಗಾಯಿತು.

“ಕಂಡಿದೀನಿ,” ಎಂದರು.

“ಎಲ್ಲಿ?”

“ರಸ್ತೇಲಿ.”

ಮಾವ ಕುರ್ಚಿಯಲ್ಲಿ ಸರಿದು ಕೂತರು. ಅಧಿಕಾರಿ ನಕ್ಕರು. “ಇವರ ಹತ್ರ ಚಿಕಿತ್ಸೆ ತಗೊಂಡಿದೀರಂತಲ್ಲ?”

“ಜ್ಞಾಪಕ ಇಲ್ಲ ಸ್ವಾಮಿ.”

“ಹೊಟ್ಟೆ ಮೇಲೆ ಮಣ್ಣು ಹಾಕಿದ್ರಂತೆ?”

“ನಮ್ದು ಹೊಲದ ಕೆಲಸ ಸ್ವಾಮಿ. ಮಣ್ಣು ತಾನೇ ಮೆತ್ಕಂತದೆ.”

ನಾನು ಹಿಂದಿನಿಂದ ಅವರ ಪಂಚೆ ಎಳೆದೆ. ಗೌಡರು ತಿರುಗಿಯೂ ನೋಡದೆ ನನ್ನ ಕೈಗೆ ಒಂದು ಏಟು ಕೊಟ್ಟರು. ಅಧಿಕಾರಿ ತಾಳ್ಮೆಯಿಂದ ಮತ್ತೆ ಕೇಳಿದರು. “ನೋಡಿ, ಹೆದರ್ಕೋಬೇಡಿ. ತೊಟ್ಟಿಯಲ್ಲಿ ಕೂತದ್ದಾದ್ರೂ ನಿಜವೇ?”

“ಯಾವ ತೊಟ್ಟಿ?” ಎಂದರು ಗೌಡರು. ಮರುಗಳಿಗೆಯೇ ಸೇರಿಸಿದರು, “ಆ ತೊಟ್ಟಿಗೂ ನನಗೂ ಯಾವ ಸಂಬಂಧವೂ ಇಲ್ಲ.”

ಅಧಿಕಾರಿ ಮಾವನ ಕಡೆಗೆ ತಿರುಗಿ, ನಿಜವಾಗಿಯೂ ನೊಂದುಕೊಂಡು ಹೇಳಿದರು. “ಕ್ಷಮಿಸಿ. ನೀವು ಕರ್ಕೊಂಡು ಬಂದವರೇ ಹೀಗೆ ಹೇಳಿದ್ರೆ ನಾನು ಹೇಗೆ ಬರ್ಕೊಳ್ಳಲಿ? ಚಿಕಿತ್ಸೆ ಮಾಡಿದ ಗುರುತೇ ಇಲ್ಲವಲ್ಲ.”

ಮಾವ ಎದ್ದರು. ಮುಗಿಯಿತು, ಡಬ್ಬಿ ಎತ್ತಿಕೊಂಡು ಹೊರಡುತ್ತಾರೆ ಎಂದುಕೊಂಡೆ. ಅವರು ನೇರವಾಗಿ ಗೌಡರ ಮುಂದೆ ಹೋಗಿ ನಿಂತು, ಮೂಗನ್ನು ಅವರ ಬಾಯಿಯ ಹತ್ತಿರ ಒಯ್ದು ವಾಸನೆ ಹಿಡಿದರು.

“ಬೆಳಿಗ್ಗೆ ಏನಯ್ಯಾ ತಿಂದೆ?”

ಗೌಡರು ಎರಡು ಹೆಜ್ಜೆ ಹಿಂದೆ ಸರಿದರು. ಅಧಿಕಾರಿ, ಪೆನ್ನು, ಕೋರ್ಟು ಎಲ್ಲ ಮರೆತುಹೋಯಿತು. “ಏನೂ ಇಲ್ಲ ಡಾಕ್ಟ್ರೇ…”

“ನಾಲಿಗೆ ಚಾಚು!”

ಎರಡು ಬಾವಿಯ ಕುಳ, ಎಂತೆಂಥಾ ಲಾಯರಿಗೂ ಬಗ್ಗದವರು, ಮಗುವಿನ ಹಾಗೆ ನಾಲಿಗೆ ಚಾಚಿ ನಿಂತರು.

“ವಡೆ! ಮೆಣಸಿನಕಾಯಿ ಚಟ್ನಿ! ಮೇಲೆ ಕಾಫಿ ಬೇರೆ! ಎಷ್ಟು ಸಲ ಬಡ್ಕೊಂಡಿದೀನಿ ನಿನಗೆ? ಆವತ್ತು ಉಸಿರು ಕಟ್ಟಿ ಎತ್ತಿನಗಾಡೀಲಿ ಹೊತ್ಕೊಂಡು ಬಂದ್ರಲ್ಲ, ಮರ್ತೋಯ್ತಾ?”

“ತಪ್ಪಾಯ್ತು ಡಾಕ್ಟ್ರೇ. ರೈಲ್ವೆ ಸ್ಟೇಷನ್ ಹತ್ರ ವಾಸನೆ ಬಂತು, ತಡ್ಕೊಳ್ಳೋಕಾಗ್ಲಿಲ್ಲ. ಎರಡೇ ಎರಡು. ನಾಳೆ ಊಟ ಬಿಡ್ತೀನಿ. ಬೇಕಾದ್ರೆ ಇವತ್ತೇ ಬಂದು ತೊಟ್ಟೀಲಿ ಕೂತ್ಕಂತೀನಿ, ದಮ್ಮಯ್ಯ ಮಣ್ಣು ಹಾಕಿ ಮಲಗ್ಸಬೇಡಿ, ಚಳಿ ಆಗ್ತದೆ.”

ಅಧಿಕಾರಿ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು, ಅವರ ಭುಜ ಕುಣಿಯುತ್ತಿತ್ತು. ಆಮೇಲೆ ಕನ್ನಡಕ ಒರೆಸಿ ಏನನ್ನೋ ಬಹಳ ಹೊತ್ತು ಬರೆದರು. ಮಾವನನ್ನು ಇನ್ನೂ ಹಲವು ಪ್ರಶ್ನೆ ಕೇಳಿದರು, ಮಣ್ಣಿನ ಡಬ್ಬಿಯನ್ನು ಮೂಸಿಯೂ ನೋಡಿದರು. ಕಳಿಸುವಾಗ ಒಂದೇ ಮಾತು ಹೇಳಿದರು. “ಇನ್ನು ಮುಂದೆ ನೀವು ರಿಜಿಸ್ಟರಾದ ವೈದ್ಯರಾಗೋರು. ರೋಗಿಗಳ ಜೊತೆ ಸ್ವಲ್ಪ ಸೌಮ್ಯವಾಗಿ ಮಾತಾಡಿ.”

ಹೊರಗೆ ಬಂದ ಕೂಡಲೇ ಗೌಡರು ಮೀಸೆ ತಿರುವಿದರು. “ನೋಡಿದ್ರಾ? ಎಷ್ಟು ಕೇಳಿದ್ರೂ ಒಂದಕ್ಕೂ ಹೂಂ ಅನ್ಲಿಲ್ಲ! ಪೆನ್ನು ಹಿಡಿದೋನ ಮುಂದೆ ಹೌದು ಅಂದ್ರೆ ಮುಗೀತು, ನಿಮ್ಮ ತೊಟ್ಟೀನೇ ಜಪ್ತಿ ಮಾಡೋರು. ನಾನು ಬಿಟ್ಕೊಡ್ತೀನಾ ಡಾಕ್ಟ್ರೇ?”

“ಮತ್ತೆ ನಮ್ಮ ಜಗಲೀಲಿ ಅಷ್ಟು ಚೆನ್ನಾಗಿ ಹೇಳಿದ್ರಲ್ಲ ಗೌಡ್ರೇ?” ಎಂದೆ.

“ಅಲ್ಲಿ ಕೂತಿದ್ದೋನು ನೀನಲ್ವೇನೋ. ನಿನಗ್ಯಾರು ಹೆದರ್ತಾರೆ?”

ನನ್ನ ನಟನೆಯ ಬಗ್ಗೆ ಕೊನೆಗೂ ಒಬ್ಬರು ಒಂದು ಮಾತು ಹೇಳಿದಂತಾಯಿತು.

ಕೆಲವು ತಿಂಗಳ ಮೇಲೆ ಮಾವನ ಹೆಸರು ನೋಂದಣಿಯಾಗಿ ಸರ್ಟಿಫಿಕೇಟು ಬಂತು. ಅತ್ತೆ ಅದಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದರು. ಅಧಿಕಾರಿಯ ಮಾತನ್ನು ಮಾವ ಕಾನೂನಿನ ಒಂದು ಕಲಮೆಂದೇ ತಿಳಿದರು. ಮರುದಿನದಿಂದ ಅವರ ಬಾಯಲ್ಲಿ ‘ತಾವು’, ‘ದಯವಿಟ್ಟು’ ಬರತೊಡಗಿದವು. ಬೆಂಗಳೂರಿನ ಆ ಅಧಿಕಾರಿಯನ್ನು ನನಗಿಂತ ಚೆನ್ನಾಗಿ ಅಣಕಿಸುತ್ತಿದ್ದಾರೆಂದು ನನಗೆ ಹೊಟ್ಟೆಕಿಚ್ಚಾಯಿತು. ರೋಗಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲವರು ಬರುವುದನ್ನು ನಿಲ್ಲಿಸಿ ಆಸ್ಪತ್ರೆಯ ದಾರಿ ಹಿಡಿದರು.

ಆ ವಾರ ಗೌಡರು ಬಂದು ತೊಟ್ಟಿಯಲ್ಲಿ ಕೂತರು. ಮಾವ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, “ನೀರು ತುಂಬಾ ತಣ್ಣಗಿದೆಯೇ ಗೌಡರೇ? ರಾತ್ರಿ ಏನಾದರೂ ಆಹಾರ ಸ್ವೀಕರಿಸಿದ್ದಿರೋ? ಪರವಾಗಿಲ್ಲ, ಸಂಕೋಚವಿಲ್ಲದೆ ತಿಳಿಸಿ,” ಎಂದರು.

ಗೌಡರ ಮುಖ ಬಿಳುಚಿತು. ತೊಟ್ಟಿಯ ಅಂಚು ಹಿಡಿದುಕೊಂಡು ಮಾವನನ್ನೇ ನೋಡಿದರು. ಆಮೇಲೆ ನನ್ನನ್ನು ಕಣ್ಸನ್ನೆ ಮಾಡಿ ಹತ್ತಿರ ಕರೆದು, ಮೆಲ್ಲಗೆ ಕೇಳಿದರು. “ಮಗಾ, ನಿಜ ಹೇಳ್ಬಿಡು. ಕೈ ಮೀರೋಗಿದೆಯಾ? ನಮ್ಮನೇವ್ರಿಗೆ ಹೇಳಿ ಕಳಿಸ್ಲಾ?”

ನಾನು ಉತ್ತರ ಹೇಳುವ ಮೊದಲೇ ಅವರ ಕಣ್ಣಿಂದ ನೀರು ಇಳಿಯಿತು. ಮಾವ ಅದನ್ನು ನೋಡಿದರು. ಗೋಡೆಯ ಮೇಲಿನ ಸರ್ಟಿಫಿಕೇಟಿನ ಕಡೆ ಒಮ್ಮೆ ನೋಡಿದರು. ಸ್ಟೂಲನ್ನು ಕಾಲಿನಿಂದ ಆಚೆಗೆ ಒದ್ದರು.

“ಅಳ್ತೀಯೇನೋ ಮುಂಡೇದೇ! ರಾತ್ರಿ ಬಾಡೂಟ ಹೊಡ್ದು ಬಂದು ಇಲ್ಲಿ ಅಳೋದಾ? ನಾಲಿಗೆ ಚಾಚು!”

ಗೌಡರು ಅಳುತ್ತಲೇ ನಗುತ್ತ ನಾಲಿಗೆ ಚಾಚಿದರು. ಜಗಲಿಯಲ್ಲಿ ಸರದಿ ಕಾಯುತ್ತಿದ್ದವರೆಲ್ಲ ಹಗುರಾಗಿ ಉಸಿರು ಬಿಟ್ಟದ್ದು ಒಳಗಿದ್ದ ನನಗೂ ಕೇಳಿಸಿತು.