ನಿಲ್ಲಲಿಲ್ಲ ಎಂದೆ

ಶಾರದತ್ತಿಗೆ, ನಿಮ್ಮ ಬಸಿರು ಮೂರು ಸಲವೂ ನಿಲ್ಲದೆ ಹೋದದ್ದು ನಿಮ್ಮಿಂದಲ್ಲ. ಕಾರಣ ನನ್ನ ಅಣ್ಣನ ರಕ್ತದಲ್ಲಿತ್ತು. ಅದು ನನಗೆ ಗೊತ್ತಿತ್ತು — ನೀವು ನಮ್ಮ ಮನೆ ಬಿಟ್ಟು ಹೋಗುವ ಮೊದಲೇ ಗೊತ್ತಿತ್ತು. ನಾನು ಹೇಳಲಿಲ್ಲ.

ಇಷ್ಟನ್ನು ಬರೆಯಲು ಒಂದು ಆಯುಷ್ಯವೇ ಬೇಕಾಯಿತು. ಉಳಿದದ್ದನ್ನೂ ಈಗಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಮತ್ತೆ ಕೈಕೊಡುತ್ತದೆ.

ಎಪ್ಪತ್ತರ ದಶಕದ ಕೊನೆಯ ಮಾತು. ವಿಜಯನಗರದ ನಮ್ಮ ಮನೆಯ ಹಿಂದೆ ಇನ್ನೂ ಖಾಲಿ ಸೈಟುಗಳೇ ಇದ್ದವು. ಹೊಸಹಳ್ಳಿ ಕಡೆಯಿಂದ ದನಗಳು ಮೇಯಲು ಬರುತ್ತಿದ್ದವು. ನಾನು ರಾಜಾಜಿನಗರದಲ್ಲಿ, ಔಷಧಿ ಅಂಗಡಿಯ ಮೇಲಿನ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಸಕ್ಕರೆ, ಮೂತ್ರ, ಕಫ ಅಂತ ಪರೀಕ್ಷೆ ಮಾಡಿಕೊಂಡು ನೆಮ್ಮದಿಯಾಗಿದ್ದ ಆ ಲ್ಯಾಬಿಗೆ ನಮ್ಮ ಡಾಕ್ಟರು ಕ್ರೋಮೋಸೋಮ್ ಟೆಸ್ಟ್ ತರಬೇಕೆಂದು ಪಟ್ಟು ಹಿಡಿದರು. ರಕ್ತದ ಕಣಗಳನ್ನು ಬಾಟಲಿಯಲ್ಲಿ ಬೆಳೆಸಬೇಕು, ಒಂದು ಎರಡಾಗುವ ಹೊತ್ತಿಗೆ ಅವನ್ನು ಅಲ್ಲೇ ತಡೆಯಬೇಕು, ಆಮೇಲೆ ಸೂಕ್ಷ್ಮದರ್ಶಕದಲ್ಲಿ ಕ್ರೋಮೋಸೋಮ್‌ಗಳನ್ನು ಎಣಿಸಬೇಕು. ಎಲ್ಲ ಸರಿಯಿದ್ದರೆ ನಲವತ್ತಾರು, ಜೋಡಿ ಜೋಡಿಯಾಗಿ. ತಯಾರಿಯನ್ನೆಲ್ಲ ನನಗೇ ಒಪ್ಪಿಸಿದರು. ಆಗ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಕಣಗಳು ಬೆಳೆಯಲು ಬೀನ್ಸ್ ಬೀಜದ ಸತ್ವ ಬೇಕು. ಹೊರದೇಶದ್ದನ್ನು ತರಿಸುವುದು ನಮ್ಮಂಥ ಲ್ಯಾಬಿಗೆ ಆಗದ ಮಾತು, ಹಾಗಾಗಿ ನಾವೇ ಬೀಜ ನೆನೆಸಿ, ಅರೆದು, ಸೋಸಿ ತೆಗೆಯುತ್ತಿದ್ದೆವು. ಆ ಬೀಜ ಆರಿಸಿಕೊಟ್ಟವರು ನೀವು. ಮೊರದಲ್ಲಿ ಹರಡಿಕೊಂಡು, ಹುಳುಕನ್ನು ಒಂದೊಂದಾಗಿ ಬೇರೆ ಮಾಡುತ್ತ, “ಏನ್ ಶೈಲಾ, ನಿಮ್ಮ ಲ್ಯಾಬಲ್ಲಿ ರಕ್ತಕ್ಕೆ ಹುಳಿ ಮಾಡಿ ಬಡಿಸ್ತೀರಾ?” ಎಂದು ನಗುತ್ತಿದ್ದಿರಿ. ಮೂರನೆಯದೂ ಹೋಗಿ ಹೆಚ್ಚು ದಿನವಾಗಿರಲಿಲ್ಲ. ಅದು ಹೇಗೆ ನಗುತ್ತಿದ್ದಿರೋ ಕಾಣೆ.

ಅಮ್ಮ ನಿಮ್ಮೆದುರು ಏನೂ ಅನ್ನುತ್ತಿರಲಿಲ್ಲ. ಅರಿಶಿನ ಕುಂಕುಮಕ್ಕೆ ಬಂದವರು ವಿಚಾರಿಸಿದರೆ ಮಾತ್ರ ದನಿ ತಗ್ಗಿಸಿ, “ಏನ್ ಮಾಡೋದು, ಇವಳಿಗೆ ನಿಲ್ಲಲ್ಲ” ಎನ್ನುತ್ತಿದ್ದರು. ತಗ್ಗಿಸಿದರೂ ಅಡುಗೆಮನೆಗೆ ಕೇಳಿಸುತ್ತಿತ್ತು. ನನ್ನ ಅಮ್ಮ ಕೆಟ್ಟವರಲ್ಲ ಎಂದು ಬರೆಯಹೊರಟೆ — ಬೇಡ. ಆ ಮಾತನ್ನು ಹೇಳುವುದಾದರೆ ನೀವು ಹೇಳಬೇಕು, ನಾನಲ್ಲ.

ಟೆಸ್ಟು ಶುರುಮಾಡುವ ಮೊದಲು ಕೈ ಪಳಗಬೇಕಲ್ಲ, ಅದಕ್ಕೆ ಆರೋಗ್ಯವಾಗಿರುವವರ ರಕ್ತ ಬೇಕಿತ್ತು. ಒಂದು ಶನಿವಾರ ನೀವೂ ಅಣ್ಣನೂ ಬಂದು ತೋಳು ಚಾಚಿದಿರಿ. ಮೆಟ್ಟಿಲಿಳಿಯುವಾಗ ನೀವು ಹಿಂದೆ ಉಳಿದು, ಮಕ್ಕಳು ಯಾಕೆ ಉಳಿಯುತ್ತಿಲ್ಲವೆಂಬುದು ಇದರಲ್ಲಿ ತಿಳಿಯುತ್ತದೆಯೇ ಎಂದು ಮೆಲ್ಲಗೆ ಕೇಳಿದಿರಿ. ತಿಳಿದರೂ ತಿಳಿಯಬಹುದು ಎಂದೆ. ಆಗ ನಿಮ್ಮ ಮುಖದಲ್ಲಿ ಬಂದ ಆ ಆಸೆ — ಅದನ್ನು ಮರೆಯಲು ನಾನು ಪಡಬಾರದ ಪಾಡು ಪಟ್ಟಿದ್ದೇನೆ.

ನಿಮ್ಮದು ನಲವತ್ತಾರು. ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಡಾಕ್ಟರು ಅದರ ಫೋಟೋ ದೊಡ್ಡದು ಮಾಡಿಸಿ, ಒಂದೊಂದನ್ನೂ ಕತ್ತರಿಸಿ, ಜೋಡಿ ಜೋಡಿಯಾಗಿ ಅಂಟಿಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಸರಿಯಾದದ್ದು ಹೇಗಿರುತ್ತದೆ ಎನ್ನುವುದಕ್ಕೆ ಇದೇ ಮಾದರಿ, ಇನ್ನು ಮುಂದೆ ಬರುವವರದನ್ನೆಲ್ಲ ಇದರ ಜೊತೆ ಹೋಲಿಸಿ ನೋಡು ಎಂದರು.

ಅಣ್ಣನದು ನಲವತ್ತೈದು.

ಮೊದಲು ನನ್ನ ಕೈತಪ್ಪು ಅಂದುಕೊಂಡೆ. ಸ್ಲೈಡಿನ ಮೇಲೆ ಹನಿ ಬಿಡುವಾಗ ಒಂದೋ ಎರಡೋ ಚೆದುರಿ ಹೋಗುವುದುಂಟು. ಇನ್ನೊಂದು ಕಣ ನೋಡಿದೆ, ಮತ್ತೊಂದು ನೋಡಿದೆ, ಬೇರೆ ಸ್ಲೈಡು ಇಟ್ಟು ನೋಡಿದೆ. ಎಲ್ಲದರಲ್ಲೂ ಅಷ್ಟೇ. ಚಿಕ್ಕವೆರಡು ಒಂದಕ್ಕೊಂದು ಅಂಟಿಕೊಂಡು ಒಂದು ಉದ್ದನೆಯದಾಗಿ ನಿಂತಿದ್ದವು. ಅಣ್ಣನಿಗೆ ಅದರಿಂದ ಏನೂ ತೊಂದರೆಯಿಲ್ಲ. ಅವನು ಮಗುವಿಗೆ ಕೊಡುವ ಪಾಲಿನಲ್ಲಿ ಹೆಚ್ಚು ಕಡಿಮೆಯಾಗುತ್ತದೆ, ಅಂಥ ಬಸಿರು ಎಷ್ಟೋ ಸಲ ಉಳಿಯುವುದಿಲ್ಲ.

ಡಾಕ್ಟರು ಬಂದು, ನಿಮ್ಮಣ್ಣಂದು ಏನಾಯ್ತು ಎಂದರು.

“ನಿಲ್ಲಲಿಲ್ಲ ಸಾರ್” ಎಂದೆ.

ಬಾಟಲಿಯಲ್ಲಿ ಕಣ ಬೆಳೆಯದೆ ಸತ್ತರೆ ನಾವು ಲ್ಯಾಬಿನಲ್ಲಿ ಹಾಗೇ ಅನ್ನುತ್ತಿದ್ದೆವು. ಬಾಯಿಂದ ಹೊರಟ ಮೇಲೆಯೇ ಅದು ಅಮ್ಮನ ಮಾತೆಂದು ನನಗೆ ಹೊಳೆದದ್ದು. ಡಾಕ್ಟರು ಇನ್ನೊಂದ್ಸಲ ರಕ್ತ ತೆಗೆಯೋಣ ಎಂದರು. ಅಣ್ಣನಿಗೆ ಸೂಜಿ ಕಂಡರೆ ಭಯ, ಬರುವುದಿಲ್ಲ ಎಂದೆ. ಅಣ್ಣನ ಸ್ಲೈಡುಗಳನ್ನು ಸೋಪಿನ ನೀರಿಗೆ ಹಾಕಿ, ಉಜ್ಜಿ ತೊಳೆದು, ಬೇರೆಯವರ ರಕ್ತಕ್ಕೆ ಬಳಸಿದೆ.

ಯಾಕೆ? ಅಮ್ಮ ಎದೆ ಒಡೆದುಕೊಳ್ಳುತ್ತಾರೆ, ಅಣ್ಣ ಕುಗ್ಗಿಹೋಗುತ್ತಾನೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ನನ್ನ ಮದುವೆಯ ಮಾತು ನಡೆಯುತ್ತಿತ್ತು. ಮನೆತನದ ರಕ್ತದಲ್ಲೇ ಐಬಿದೆ ಎಂಬ ಸುದ್ದಿ ಹಬ್ಬಿದರೆ ನನ್ನನ್ನು ಯಾರು ಒಪ್ಪುತ್ತಿದ್ದರು? ಬೀದಿಯವರದೆಲ್ಲ ನೋಡಿದ ನಾನು ನನ್ನ ರಕ್ತವನ್ನು ಮಾತ್ರ ಎಂದೂ ನೋಡಿಕೊಳ್ಳಲಿಲ್ಲ. ಅಷ್ಟು ಹೆದರಿಕೆ. ಆ ಹೆದರಿಕೆಯ ಭಾರವನ್ನು ನಿಮ್ಮ ತಲೆಗೆ ಕಟ್ಟಿದೆ.

ಎರಡೂ ಕಡೆಯ ಹಿರಿಯರು ಕೂತು ಬಿಡುಗಡೆಯ ಮಾತಾಡಿದರು. ಅಣ್ಣ ತಲೆ ತಗ್ಗಿಸಿ ಕೂತಿದ್ದ. ಬೇಡ ಎನ್ನುವ ಗಟ್ಟಿತನ ಅವನಿಗಿರಲಿಲ್ಲ. ಒಂದು ಮಾತು ಸಿಕ್ಕಿದ್ದರೆ ಆ ಗಟ್ಟಿತನ ಬರುತ್ತಿತ್ತೋ ಏನೋ — ಆ ಮಾತು ಬಾಗಿಲ ಮರೆಯಲ್ಲಿ ನಿಂತಿದ್ದ ನನ್ನ ಹತ್ತಿರ ಇತ್ತು. ದಾವಣಗೆರೆಯಿಂದ ಬಂದ ನಿಮ್ಮ ತಂದೆ ಟ್ರಂಕನ್ನು ಆಟೋಗೆ ಇಡಿಸುತ್ತಿದ್ದಾಗ ನೀವು ನನ್ನ ಕೈ ಹಿಡಿದುಕೊಂಡು, “ಶೈಲಾ, ನಿಮ್ಮ ಟೆಸ್ಟಲ್ಲಿ ನಂದು ಏನು ಬಂತು?” ಎಂದು ಕೇಳಿದಿರಿ.

“ಅದ್ರಲ್ಲಿ ಇಂಥವೆಲ್ಲ ಗೊತ್ತಾಗಲ್ಲ ಅತ್ತಿಗೆ” ಎಂದೆ.

ನೀವು ತಲೆಯಾಡಿಸಿದಿರಿ. ನನ್ನನ್ನು ನಂಬಿದಿರಿ.

ಅಣ್ಣನಿಗೆ ಇನ್ನೊಂದು ಮದುವೆಯಾಯಿತು. ಮೊದಲ ಬಸಿರೇ ನಿಂತು ಉಷಾ ಹುಟ್ಟಿದಳು. ಅಂಥವರಿಗೂ ಒಂದೊಂದು ಸಲ ನೆಟ್ಟಗೆ ಆಗುತ್ತದೆ, ಅದೃಷ್ಟ ಅಷ್ಟೇ. ಅಮ್ಮ ಮಾತ್ರ, ನೋಡಿದ್ರಾ, ದೋಷ ಯಾರದಿತ್ತು ಅಂತ ಈಗ ಗೊತ್ತಾಯ್ತಲ್ಲ ಎಂದು ಕೇರಿಗೆಲ್ಲ ಪೇಡ ಹಂಚಿದರು. ನಾನೂ ತಟ್ಟೆ ಹಿಡಿದು ಹಿಂದೆ ಹೋದೆ. ಮಾರನೆಯ ದಿನ ಲ್ಯಾಬಿಗೆ ಹೋದರೆ ಗೋಡೆಯ ಮೇಲೆ ನೀವು. ಅದರ ಕೆಳಗೇ ನನ್ನ ಕುರ್ಚಿ. ಎಷ್ಟೋ ದಂಪತಿಗಳಿಗೆ ಆ ಕಟ್ಟು ತೋರಿಸಿ, ಸರಿಯಾದದ್ದು ಹೀಗಿರುತ್ತೆ ನೋಡಿ ಎಂದು ವಿವರಿಸಿದ್ದೇನೆ.

ಅಮ್ಮ ತೀರಿಕೊಂಡು ಬಹಳ ಕಾಲವಾಯಿತು. ಮೊನ್ನೆ ಉಷಾಳ ಎರಡನೆಯ ಬಸಿರೂ ಹೋಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಅತ್ತೆ ಪಕ್ಕದವರಿಗೆ, “ಇವಳಿಗೆ ನಿಲ್ತಾನೇ ಇಲ್ಲ” ಎಂದದ್ದು ನನ್ನ ಕಿವಿಗೆ ಬಿತ್ತು. ಅಣ್ಣನ ರಕ್ತದಲ್ಲಿದ್ದದ್ದು ಮಗಳಿಗೂ ಇಳಿದಿರಬಹುದಲ್ಲ. ಅಂದೇ ಉಷಾಳನ್ನೂ ಅವಳ ಗಂಡನನ್ನೂ ಕೂರಿಸಿಕೊಂಡು, ಇಬ್ಬರೂ ರಕ್ತ ಪರೀಕ್ಷೆ ಮಾಡಿಸಲೇಬೇಕೆಂದು ಹೇಳಿದೆ. ಆಮೇಲೆ ಅಣ್ಣನ ಹತ್ತಿರ ಹೋಗಿ ಒಂದನ್ನೂ ಬಿಡದೆ ಹೇಳಿದೆ. ಬೈಯುತ್ತಾನೆ, ಅಳುತ್ತಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದು ಒಂದೇ:

“ಶಾರದಾಗೆ ಹೇಳಿದ್ಯಾ?”

“ಇಲ್ಲ.”

“ಮತ್ತೆ ನಂಗ್ಯಾಕೆ ಮೊದ್ಲು ಹೇಳ್ದೆ?”

ಈ ಸಲವೂ ನಿಮ್ಮ ಸರದಿ ಕೊನೆಗೇ ಬಂದಿತ್ತು.

ನೀವು ದಾವಣಗೆರೆಯಲ್ಲಿ ತಮ್ಮನ ಮನೆಯಲ್ಲೇ ಇದ್ದೀರಿ, ಮತ್ತೆ ಮದುವೆಯಾಗಲಿಲ್ಲ ಎಂದು ಕೇಳಿದ್ದೇನೆ. ಕ್ಷಮೆ ಕೇಳಲು ನನಗೆ ಬಾಯಿಲ್ಲ. ಲ್ಯಾಬು ಮುಚ್ಚಿದಾಗ ಗೋಡೆಯ ಆ ಕಟ್ಟನ್ನು ಮನೆಗೆ ತಂದುಕೊಂಡಿದ್ದೆ. ಸೋಮವಾರ ಅದನ್ನು ತೆಗೆದುಕೊಂಡು ಬಸ್ಸು ಹತ್ತುತ್ತೇನೆ. ಒಳಗೆ ಕರೆದರೆ ಬರುತ್ತೇನೆ, ಕರೆಯದಿದ್ದರೆ ಬಾಗಿಲಲ್ಲೇ ನಿಮ್ಮ ಕೈಗೆ ಕೊಟ್ಟು ಹಿಂದಿರುಗುತ್ತೇನೆ. ಇದು ನಿಮ್ಮದು ಅತ್ತಿಗೆ. ಇಷ್ಟು ವರ್ಷ ಊರವರೆಲ್ಲ ನೋಡಿದರು, ನೀವೊಬ್ಬರು ನೋಡಲಿಲ್ಲ.